ಸಹಿ ಯಾರದ್ದು?



ಗರ್ಭಪಾತದ ಚರ್ಚೆಯಲ್ಲಿ ಗಂಡಸರು ಮಾತಾಡಬೇಕಾ, ಬಾಯಿ ಮುಚ್ಕೊಂಡಿರಬೇಕಾ ಅನ್ನೋ ಜಗಳ ಈಗ ನಮ್ಮ ಬಳಗದಲ್ಲೇ ಎದ್ದಿದೆ. ‘ಮಗು ಇಬ್ಬರದ್ದೂ ಅಲ್ವಾ?’ ಅಂತ ಕೆಲವು ಅಣ್ಣಂದಿರು. ‘ನಿಮಗೆ ಗರ್ಭಕೋಶ ಇದೆಯಾ?’ ಅಂತ ಕೆಲವು ಅಕ್ಕಂದಿರು. ಎರಡೂ ಕಡೆಯವರು ಒಂದು ತಾರೀಕು ನೆನಪಿಟ್ಟುಕೊಳ್ಳಿ: 1938ರ ನವೆಂಬರ್ 10.

ಅವತ್ತು ಬಾಂಬೆ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಬಗ್ಗೆ ಒಂದು ನಿರ್ಣಯ ಬಂತು. ಮಂಡಿಸಿದವರು ಸ್ವತಂತ್ರ ಕಾರ್ಮಿಕ ಪಕ್ಷದ ಪಿ.ಜೆ. ರೋಹಮ್. ಅವರು ಸಭೆಯ ಮುಂದಿಟ್ಟ ಭಾಷಣ ಬಾಬಾಸಾಹೇಬರದ್ದು. ಹೆಚ್ಚುಕಮ್ಮಿ ಗಂಡಸರೇ ತುಂಬಿದ್ದ ಸಭೆ ಅದು. ಭಾಷಣದಲ್ಲಿ ಬಡತನದ ಮಾತಿದೆ, ಹೆರಿಗೆಯಲ್ಲಿ ಸಾಯೋ ತಾಯಂದಿರ ಮಾತಿದೆ. ಅದೆಲ್ಲ ಆಗಿನ ಸುಧಾರಕರೂ ಹೇಳ್ತಿದ್ದದ್ದೇ. ಆದರೆ ಒಂದು ಕಡೆ ಅವರು ಎಲ್ಲರನ್ನೂ ದಾಟಿ ಹೋಗ್ತಾರೆ. ಹೆಣ್ಣಿಗೆ ಮಗು ಬೇಡ ಅನ್ನಿಸಿದರೆ, ಕಾರಣ ಏನೇ ಇರಲಿ, ಬಸಿರು ತಡೆಯೋ ದಾರಿ ಅವಳ ಕೈಯಲ್ಲಿರಬೇಕು, ಹೆರೋದು ಬಿಡೋದು ಪೂರ್ತಿ ಅವಳ ಇಚ್ಛೆಗೆ ಬಿಟ್ಟದ್ದು ಅಂತಾರೆ. ಹೆರಿಗೆ ನೋವು ಗಂಡಸರ ಪಾಲಿಗೆ ಬಂದಿದ್ದರೆ ಒಬ್ಬನೂ ಎರಡನೇ ಮಗುವಿಗೆ ಒಪ್ತಿರಲಿಲ್ಲ ಅನ್ನೋ ಅರ್ಥದ ಮಾತೂ ಅಲ್ಲಿದೆ. ಕೂತಿದ್ದವರ ಮುಖ ಹೇಗಿತ್ತೋ!

ನಿರ್ಣಯ ಬಿದ್ದುಹೋಯ್ತು.

ಇದು ಗರ್ಭನಿರೋಧದ ನಿರ್ಣಯ, ಗರ್ಭಪಾತದ್ದಲ್ಲ ಅಂತ ಯಾರಾದ್ರೂ ಹೇಳಬಹುದು. ಸರಿ. ಆದರೆ ‘ಕಾರಣ ಏನೇ ಇರಲಿ, ಅವಳ ಇಚ್ಛೆ’ ಅನ್ನೋ ತತ್ವ ಯಾವುದಕ್ಕೆ ನಿಲ್ಲುತ್ತೆ, ಯಾವುದಕ್ಕೆ ನಿಲ್ಲಲ್ಲ ಅಂತ ನೀವೇ ಯೋಚಿಸಿ.

ಆ ಕಾಲ ಹೇಗಿತ್ತು ಅಂತಲೂ ನೋಡಬೇಕು. 1935ರ ಡಿಸೆಂಬರ್‌ನಲ್ಲಿ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದಾಗ ಗಾಂಧೀಜಿ ಕೊಟ್ಟ ಉತ್ತರ ಸಂಯಮ. ಮದ್ದು, ಉಪಕರಣ ಬೇಡ, ಹೆಂಡತಿ ಗಂಡನಿಗೆ ಬೇಡ ಅನ್ನೋದನ್ನ ಕಲೀಲಿ ಅಂತ. ಬೇಡ ಅಂದ ಹೆಂಡತಿಗೆ ಒದೆ ಬೀಳೋ ಮನೆಗಳ ಗತಿ ಏನು? ಮುಂಬೈನಲ್ಲಿ ಸಂತಾನ ನಿಯಂತ್ರಣದ ಪ್ರಚಾರ ಮಾಡ್ತಿದ್ದ ರ.ಧೋ. ಕರ್ವೆ ಮೇಲೆ ‘ಸಮಾಜ ಸ್ವಾಸ್ಥ್ಯ’ ಪತ್ರಿಕೆಗಾಗಿ ಅಶ್ಲೀಲತೆಯ ಕೇಸು ಬಿತ್ತು. 1934ರಲ್ಲಿ ಅವರ ಪರ ವಾದಿಸಿದ ವಕೀಲರು ಯಾರು ಗೊತ್ತಾ? ಬಾಬಾಸಾಹೇಬರೇ. ಕೇಸು ಸೋತರು. ತಮಿಳುನಾಡಲ್ಲಿ ಪೆರಿಯಾರ್ ಇನ್ನೂ ಖಡಕ್ಕಾಗಿ ಹೇಳ್ತಿದ್ದರು: ಬೇರೆಯವರು ದೇಶದ ಬಡತನಕ್ಕೆ, ಆರೋಗ್ಯಕ್ಕೆ ಅಂತ ಗರ್ಭನಿರೋಧ ಕೇಳ್ತಾರೆ, ನಾವು ಕೇಳೋದು ಹೆಣ್ಣಿನ ಸ್ವಾತಂತ್ರ್ಯಕ್ಕೆ. ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕೇಂದ್ರ ತೆರೆದಿತ್ತು ಅನ್ನೋದನ್ನ ಹೆಮ್ಮೆಯಿಂದ ಹೇಳ್ತೀವಿ, ಹೇಳೋಣ.

ಇವರೆಲ್ಲ ಗಂಡಸರೇ. ಇನ್ನೂ ಹಿಂದಕ್ಕೆ ಹೋದರೆ, 1863ರಲ್ಲಿ ಪುಣೆಯಲ್ಲಿ ಬಸುರಾದ ವಿಧವೆಯರಿಗೆ ಬಾಗಿಲು ತೆರೆದವರು ಸಾವಿತ್ರಿಬಾಯಿ ಮತ್ತು ಜೋತಿಬಾ. ಅದಕ್ಕೆ ಮೂರು ವರ್ಷ ಮೊದಲು, 1860ರಲ್ಲಿ, ಬ್ರಿಟಿಷರ ದಂಡಸಂಹಿತೆ ಗರ್ಭಪಾತವನ್ನ ಅಪರಾಧ ಅಂತ ಬರೆದಿತ್ತು. 312ನೇ ಕಲಮಿನಲ್ಲಿ ತಾನೇ ಗರ್ಭ ಇಳಿಸಿಕೊಂಡ ಹೆಣ್ಣೂ ಅಪರಾಧಿ. ಬಸುರು ಮಾಡಿ ಕೈಬಿಟ್ಟು ಹೋದವನ ಹೆಸರು ಆ ಕಲಮಿನಲ್ಲಿ ಎಲ್ಲೂ ಇಲ್ಲ.

ಅಂದರೆ ಗಂಡಸರು ಈ ವಿಷಯದಲ್ಲಿ ಯಾವಾಗಲೂ ಮಾತಾಡಿದಾರೆ. ಆದರೆ ಒಬ್ಬ ಹೆಣ್ಣಿನ ಮೇಲೆ ಕಾನೂನು ಬರೀತಾನೆ, ಇನ್ನೊಬ್ಬ ಅವಳ ತೀರ್ಮಾನ ಅವಳಿಗೇ ಬಿಡಿ ಅಂತ ಗಂಡಸರ ಸಭೆಗೆ ಹೇಳ್ತಾನೆ. ಎರಡನ್ನೂ ‘ಗಂಡಸರ ಅಭಿಪ್ರಾಯ’ ಅನ್ನೋ ಒಂದೇ ಚೀಲಕ್ಕೆ ತುಂಬೋದು ನನಗೆ ಒಪ್ಪಿಗೆ ಇಲ್ಲ.

1971ರ ಗರ್ಭಪಾತ ಕಾನೂನಿಗೆ ಬನ್ನಿ. ಶಾಂತಿಲಾಲ್ ಶಾ ಸಮಿತಿಯ ವರದಿ 1966ರದ್ದು, ಕಾನೂನು ಜಾರಿಯಾದದ್ದು 1972ರ ಏಪ್ರಿಲ್ 1ಕ್ಕೆ. ಮಸೂದೆಯ ಉದ್ದೇಶದಲ್ಲಿ ಆರೋಗ್ಯ ಇದೆ, ಮಾನವೀಯತೆ ಇದೆ, ಹುಟ್ಟೋ ಮಗುವಿನ ನ್ಯೂನತೆ ಇದೆ. ಹೆಣ್ಣಿನ ಹಕ್ಕು ಅನ್ನೋ ಪದ ಇಲ್ಲ. ಗರ್ಭ ತೆಗೆಯಬಹುದು ಅಂತ ಅಭಿಪ್ರಾಯ ಕೊಡೋನು ಡಾಕ್ಟರು. ಆದರೂ ಒಂದು ಒಳ್ಳೆ ಕೆಲಸ ಆಗಿದೆ: 3ನೇ ಕಲಮಿನ 4ನೇ ಉಪಕಲಮು ಕೇಳೋದು ಬಸುರಿಯ ಒಪ್ಪಿಗೆ ಮಾತ್ರ. ಗಂಡನದ್ದಲ್ಲ, ಅತ್ತೆಯದ್ದಲ್ಲ. ತನ್ನ ಒಪ್ಪಿಗೆ ಇಲ್ಲದೆ ಹೆಂಡತಿ ಗರ್ಭ ತೆಗೆಸಿದಳು ಅಂತ ಪರಿಹಾರ ಕೇಳಿ ಒಬ್ಬ ಗಂಡ ಸುಪ್ರೀಂ ಕೋರ್ಟ್ ತನಕ ಹೋದ. 2017ರಲ್ಲಿ ಅವನ ಅರ್ಜಿ ವಜಾ ಆಯ್ತು.

‘ಮಗು ಇಬ್ಬರದ್ದೂ’ ಅನ್ನೋ ಅಣ್ಣಂದಿರಿಗೆ ಇನ್ನೊಂದು ಲೆಕ್ಕ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಗಂಡಸರ ಮೈಮೇಲೆ ಕೈ ಹಾಕ್ತು. 1976-77ರ ಒಂದೇ ವರ್ಷದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಆಪರೇಷನ್ ಆಯ್ತು. ಅದರಲ್ಲಿ ಬಲವಂತಕ್ಕೆ ಸಿಕ್ಕವರು ಬಡವರು, ಮುಸ್ಲಿಮರು, ನಮ್ಮ ಜನ. ಅದು ಘೋರ ಅನ್ಯಾಯ, ಎರಡು ಮಾತಿಲ್ಲ. 1977ರಲ್ಲಿ ಜನ ಸರ್ಕಾರವನ್ನೇ ಕೆಳಗಿಳಿಸಿದರು. ಆಮೇಲೆ ಏನಾಯ್ತು? ಕತ್ತಿ ಹೆಂಗಸರ ಕಡೆ ತಿರುಗಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ಸಂತಾನಹರಣಕ್ಕೆ ಒಳಗಾದ ವಿವಾಹಿತ ಮಹಿಳೆಯರು ಶೇ. 37.9, ಗಂಡ ಆಪರೇಷನ್ ಮಾಡಿಸಿಕೊಂಡದ್ದು ಶೇ. 0.3. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಹತ್ತಿರ ಒಬ್ಬನೇ ಡಾಕ್ಟರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದ. ಹತ್ತಕ್ಕೂ ಹೆಚ್ಚು ಜನ ಸತ್ತರು. ಎಲ್ಲ ಬಡವರ ಮನೆ ಹೆಣ್ಣುಮಕ್ಕಳು. ಅದಕ್ಕೆ ಯಾವ ಸರ್ಕಾರ ಬಿತ್ತು?

ಗಂಡಸರು ಮಾತಾಡಬೇಕಾದ ಜಾಗ ಇದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಯಾಕಿಲ್ಲ ಅಂತ ಕೇಳಿ. ನಿಮ್ಮ ಸಂಘದಲ್ಲಿ ಎಷ್ಟು ಜನ ವ್ಯಾಸೆಕ್ಟಮಿ ಮಾಡಿಸಿಕೊಂಡಿದೀರಿ, ಕೈ ಎತ್ತಿ.

2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಮದುವೆಯಾಗದ ಹೆಣ್ಣಿಗೂ 24 ವಾರದ ತನಕದ ಅವಕಾಶದ ಬಾಗಿಲು ತೆರೆಯಿತು. ಮನೆಯವರ ಒಪ್ಪಿಗೆ ತನ್ನಿ ಅಂತ ಡಾಕ್ಟರುಗಳು ಕೇಳೋ ಷರತ್ತಿಗೆ ಕಾನೂನಿನ ಆಧಾರ ಇಲ್ಲ ಅಂತಲೂ ಹೇಳಿತು. ಆದರೂ ನಮ್ಮ ಕೇರಿಯ ಹೆಣ್ಣುಮಗಳು ಕೂಲಿ ಬಿಟ್ಟು, ಬಸ್ ಚಾರ್ಜು ಸಾಲ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋದರೆ ಮೊದಲು ಕೇಳಿಸೋದು ‘ಗಂಡ ಎಲ್ಲಮ್ಮ, ಸಹಿ ಬೇಕು’. ಅಂಥ ಹೊತ್ತಲ್ಲಿ ಜೊತೆಗೆ ಹೋದವರು ಫಾರಂ ಸಿ ಕೇಳಿ ತಗೊಳ್ಳಿ. ಒಪ್ಪಿಗೆ ಬರೆಯೋ ಹಾಳೆ ಅದು. 18 ತುಂಬಿದ ಹೆಣ್ಣು ತನ್ನ ಒಪ್ಪಿಗೆಯನ್ನ ತಾನೇ ಕೊಡಬಹುದು. ಗಂಡನ ಸಹಿಗೆ ಅದರಲ್ಲಿ ಜಾಗವೇ ಇಲ್ಲ.