ತೊಂಬತ್ತು ಸೆಕೆಂಡಿನೊಳಗಿನ ಹಸಿವು

ಕೆನಡಾದ ಒಂಟಾರಿಯೊ ಪ್ರಾಂತ್ಯದ ಶಾಸನಸಭೆಯಲ್ಲಿ ಪ್ರಶ್ನೋತ್ತರ ಶುರುವಾಗುವ ಮುಂಚೆ ಸದಸ್ಯರ ಹೇಳಿಕೆಗಳಿಗೆಂದು ಸ್ವಲ್ಪ ಹೊತ್ತು ಮೀಸಲಿರುತ್ತದೆ. ಒಬ್ಬೊಬ್ಬರಿಗೆ ತೊಂಬತ್ತು ಸೆಕೆಂಡು. ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾಗಳಲ್ಲಿ ಎರಡು ನಿಮಿಷ. ನಮ್ಮ ವಿಧಾನಸಭೆಯ ಶೂನ್ಯ ವೇಳೆಯ ಹಾಗೆ ಇಲ್ಲಿಯೂ ಶಾಸಕರು ತಮ್ಮ ಕ್ಷೇತ್ರದ ಸಂಗತಿ ಎತ್ತುತ್ತಾರೆ. ಮಂತ್ರಿಗಳು ಎದ್ದು ಉತ್ತರ ಕೊಡಬೇಕಾದ ಕಟ್ಟಳೆ ಮಾತ್ರ ಇಲ್ಲ. ಕಳೆದ ಕೆಲವು ವರ್ಷಗಳಿಂದ ಈ ಪುಟ್ಟ ಅವಧಿಯಲ್ಲಿ ಪದೇ ಪದೇ ಕೇಳಿಬರುವ ವಿಷಯಗಳು ಮೂರು: ಹಸಿದವರಿಗೆ ಉಚಿತವಾಗಿ ಆಹಾರ ಹಂಚುವ ಊರಿನ ಫುಡ್ ಬ್ಯಾಂಕ್ ಮುಂದೆ ಉದ್ದವಾಗುತ್ತಿರುವ ಸಾಲು, ಅಲ್ಲಿ ದುಡಿಯುವ ಸ್ವಯಂಸೇವಕರು, ಮನೆಯೊಳಗಿನ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಹೆಣ್ಣುಮಕ್ಕಳಿಗೆ ನೆಲೆ ಕೊಡುವ ಆಶ್ರಯ ಕೇಂದ್ರಗಳ ಸಿಬ್ಬಂದಿ.

ಈ ಪದ್ಧತಿಯ ಸಂಸತ್ತಿನ ರೂಪವನ್ನು ಕನ್ನಡಿಗರಲ್ಲಿ ಬಹಳಷ್ಟು ಮಂದಿ ನೋಡಿದ್ದಾರೆ. 2022ರ ಮೇ 19ರಂದು ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಮೂಲದ ಸಂಸದ ಚಂದ್ರ ಆರ್ಯ ಕೆನಡಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದ ವಿಡಿಯೊ ಊರೆಲ್ಲ ಹರಿದಾಡಿತು. ಅವರು ಬಳಸಿಕೊಂಡದ್ದು ಸಂಸದರಿಗೆ ಸಿಗುವ ಇಂಥದೇ ಅವಧಿಯನ್ನು. ಮಾತು ಎಷ್ಟು ಚಿಕ್ಕದಾದರೂ ಅದು ಸದನದ ಕಡತಕ್ಕೆ ಸೇರುತ್ತದೆ, ಹೇಳಿಸಿಕೊಂಡವರಿಗೆ ಮನ್ನಣೆ ತರುತ್ತದೆ. ಹಸಿವು ಮತ್ತು ಹಿಂಸೆಯ ವಿಷಯದಲ್ಲಿ ಆ ಮಾತು ಕಡತ ದಾಟಿ ಬಜೆಟ್ಟಿಗೆ, ಕಾನೂನಿಗೆ ತಲುಪಿದ್ದು ಯಾವಾಗ, ಹೇಗೆ ಎಂಬುದೇ ಅರ್ಧ ಶತಮಾನದ ಈ ಕಥೆಯ ಮುಖ್ಯ ಎಳೆ.

ಮೊದಲು ಹುಟ್ಟಿದ್ದು ಆಶ್ರಯ ಕೇಂದ್ರಗಳು. 1973ರಲ್ಲಿ ಟೊರಾಂಟೊದ ಇಂಟರ್ವಲ್ ಹೌಸ್, ವ್ಯಾಂಕೂವರ್‌ನ ಟ್ರಾನ್ಸಿಷನ್ ಹೌಸ್, ಸಸ್ಕಟೂನ್‌ನಲ್ಲಿ ಇನ್ನೊಂದು ಮನೆ ಬಾಗಿಲು ತೆರೆದವು. ನಡೆಸಿದವರು ಬಹುಪಾಲು ಮಹಿಳಾ ಚಳವಳಿಯ ಕಾರ್ಯಕರ್ತೆಯರು. ರಾತ್ರಿ ಪಾಳಿ, ಅಡುಗೆ, ಮಕ್ಕಳ ಶಾಲೆ, ವಕೀಲರ ಓಡಾಟ, ಫೋನಿನಲ್ಲಿ ಅಳುವವರಿಗೆ ಧೈರ್ಯ ಹೇಳುವುದು, ಎಲ್ಲವೂ ಅವರದೇ. ಮೊದಮೊದಲ ಹಣ ಬಂದದ್ದು ಸರ್ಕಾರದ ತಾತ್ಕಾಲಿಕ ಉದ್ಯೋಗ ಯೋಜನೆಗಳ ಅನುದಾನದಿಂದ. ಆಮೇಲೆ 1966ರ ಕೆನಡಾ ನೆರವು ಯೋಜನೆ ಆಸರೆಯಾಯಿತು. ಅರ್ಹ ವೆಚ್ಚದಲ್ಲಿ ಅರ್ಧವನ್ನು ಒಟ್ಟಾವಾದ ಒಕ್ಕೂಟ ಸರ್ಕಾರ ಭರಿಸುತ್ತಿತ್ತು, ಉಳಿದರ್ಧ ಪ್ರಾಂತ್ಯದ್ದು. ಹೀಗಾಗಿ ಯಾವ ಊರಿನಲ್ಲಿ ಎಷ್ಟು ಹಾಸಿಗೆ ಇರಬೇಕು ಎಂಬ ತೀರ್ಮಾನ ಪ್ರಾಂತೀಯ ಸರ್ಕಾರಗಳ ಕೈಗೆ ಬಂತು.

ಆ ಕಾಲದ ರಾಜಕಾರಣಿಗಳು ಈ ಸಂಕಟವನ್ನು ಹೇಗೆ ಕಂಡಿದ್ದರು ಎಂಬುದಕ್ಕೆ 1982ರ ಮೇ 12ರ ಒಂದು ಪ್ರಸಂಗ ಸಾಕು. ವ್ಯಾಂಕೂವರ್ ಈಸ್ಟ್ ಕ್ಷೇತ್ರದ ಸಂಸದೆ ಮಾರ್ಗರೆಟ್ ಮಿಚೆಲ್ ಸಂಸತ್ತಿನಲ್ಲಿ ಎದ್ದು ನಿಂತು, ಹತ್ತರಲ್ಲಿ ಒಬ್ಬ ಗಂಡ ಹೆಂಡತಿಗೆ ಹೊಡೆಯುತ್ತಾನೆಂದು ಸಮಿತಿಯ ವರದಿ ಹೇಳಿದೆ, ಸರ್ಕಾರ ಏನು ಮಾಡುತ್ತದೆ ಎಂದು ಕೇಳಿದರು. ಸದನದಲ್ಲಿ ಗಂಡಸರು ನಕ್ಕರು. ಆ ನಗು ದೇಶದುದ್ದಕ್ಕೂ ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಮಹಿಳಾ ಸಂಘಟನೆಗಳು ಬೀದಿಗಿಳಿದವು. ಅದೇ ಬೇಸಿಗೆಯಲ್ಲಿ, ಹೆಂಡತಿಗೆ ಹೊಡೆದವನ ಮೇಲೆ ಪೊಲೀಸರು ತಾವಾಗಿಯೇ ಮೊಕದ್ದಮೆ ಹೂಡುವುದನ್ನು ರೂಢಿ ಮಾಡಿಕೊಳ್ಳಬೇಕೆಂಬ ಗೊತ್ತುವಳಿಯನ್ನು ಸಂಸತ್ತು ಒಮ್ಮತದಿಂದ ಒಪ್ಪಿತು. ಅವಮಾನದಿಂದ ಹುಟ್ಟಿದ ಸಿಟ್ಟು ಎರಡೇ ತಿಂಗಳಲ್ಲಿ ನೀತಿಯನ್ನು ಅಲುಗಾಡಿಸಿತ್ತು.

ಫುಡ್ ಬ್ಯಾಂಕ್‌ಗಳ ಕಥೆ ಶುರುವಾಗುವುದು ಆಲ್ಬರ್ಟಾದ ರಾಜಧಾನಿ ಎಡ್ಮಂಟನ್‌ನಲ್ಲಿ, 1981ರಲ್ಲಿ. ಅಮೆರಿಕದ ಫೀನಿಕ್ಸ್ ನಗರದಲ್ಲಿ 1967ರಲ್ಲೇ ಆರಂಭವಾಗಿದ್ದ ಮಾದರಿ ಅದು: ಅಂಗಡಿ, ಹೋಟೆಲುಗಳಲ್ಲಿ ಉಳಿದು ಹಾಳಾಗುವ ಆಹಾರವನ್ನು ಒಟ್ಟುಮಾಡಿ ಹಸಿದವರಿಗೆ ಮುಟ್ಟಿಸುವುದು. ತೈಲದ ಊರಾದ ಎಡ್ಮಂಟನ್ ಆರ್ಥಿಕ ಹಿಂಜರಿತಕ್ಕೆ ಸಿಕ್ಕಾಗ ಇದು ಎರಡು ಮೂರು ವರ್ಷದ ವ್ಯವಸ್ಥೆ, ಉದ್ಯೋಗ ಚೇತರಿಸಿಕೊಂಡ ಕೂಡಲೇ ಮುಚ್ಚಿಬಿಡಬಹುದು ಎಂದು ಕಟ್ಟಿದವರೇ ನಂಬಿದ್ದರು. 1983ರಲ್ಲಿ ಟೊರಾಂಟೊದ ಡೈಲಿ ಬ್ರೆಡ್, 1984ರಲ್ಲಿ ಮಾಂಟ್ರಿಯಲ್‌ನ ಮ್ವಾಸಾನ್ ಬಂದವು. ಒಂದೂ ಮುಚ್ಚಲಿಲ್ಲ. ನಮ್ಮಲ್ಲಿರುವಂಥ ಪಡಿತರ ಅಂಗಡಿ ಕೆನಡಾದಲ್ಲಿ ಇಲ್ಲ. ಬಡವರಿಗೆ ಪ್ರಾಂತ್ಯ ಕೊಡುವ ಮಾಸಿಕ ನೆರವು ಧನವೇ ಮುಖ್ಯ ಆಧಾರ. ಅದು ಬಾಡಿಗೆಗೇ ಮುಗಿದುಹೋದರೆ ಚೀಲ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಸಾಮಾಜಿಕ ಕಾರ್ಯದ ಪ್ರಾಧ್ಯಾಪಕ ಗ್ರಹಾಂ ರಿಚಸ್ 1986ರಲ್ಲಿ ಬರೆದ ಪುಸ್ತಕದಲ್ಲೇ, ದಾನದ ಈ ಜಾಲ ಬೆಳೆಯುವುದೆಂದರೆ ಕಲ್ಯಾಣ ರಾಜ್ಯ ಹಿಂದೆ ಸರಿಯುತ್ತಿದೆ ಎಂದರ್ಥ ಎಂದು ಎಚ್ಚರಿಸಿದ್ದರು.

ಅದೇ 1986ರಲ್ಲಿ ಬ್ರಿಟಿಷ್ ಕೊಲಂಬಿಯಾದ ಶಾಸಕರೊಬ್ಬರು ಮಾತು ಬಿಟ್ಟು ಮೈಯನ್ನೇ ಪಣಕ್ಕಿಟ್ಟರು. ಎಮರಿ ಬಾರ್ನ್ಸ್ ಬಿ.ಸಿ. ಲಯನ್ಸ್ ತಂಡದ ಮಾಜಿ ಫುಟ್‌ಬಾಲ್ ಆಟಗಾರ, ಎತ್ತರದ ಆಳು. 1972ರಲ್ಲಿ ಕಪ್ಪು ಜನಾಂಗದವರೇ ಆದ ರೋಸ್‌ಮೇರಿ ಬ್ರೌನ್ ಜೊತೆ ಆ ಪ್ರಾಂತ್ಯದ ಶಾಸನಸಭೆಗೆ ಆಯ್ಕೆಯಾದ ಕಪ್ಪು ಜನಾಂಗದ ನಾಯಕ. ಒಂಟಿ ಮನುಷ್ಯನಿಗೆ ಸರ್ಕಾರ ಕೊಡುತ್ತಿದ್ದ ತಿಂಗಳಿಗೆ 350 ಡಾಲರಿನಲ್ಲೇ ಬದುಕಿ ತೋರಿಸುತ್ತೇನೆಂದು ಹೊರಟು, ವ್ಯಾಂಕೂವರ್‌ನ ಬಡ ಬಡಾವಣೆ ಡೌನ್‌ಟೌನ್ ಈಸ್ಟ್‌ಸೈಡ್‌ನಲ್ಲಿ ವಾಸ ಮಾಡಿದರು. ಸೊರಗಿದರು. ಪತ್ರಿಕೆಗಳು ಅವರ ಊಟದ ತಟ್ಟೆಯ ಲೆಕ್ಕ ಬರೆದವು. ಮುಂದೆ 1994ರಲ್ಲಿ ಅವರು ಅದೇ ಸದನದ ಸ್ಪೀಕರ್ ಆದರು.

ಇಪ್ಪತ್ತಾರು ವರ್ಷಗಳ ನಂತರ, 2012ರ ಜನವರಿಯಲ್ಲಿ, ಬಾರ್ನ್ಸ್ ತುಳಿದ ಹಾದಿಗೆ ಇಳಿದವರು ಪಂಜಾಬಿನ ಬಠಿಂಡಾ ಜಿಲ್ಲೆಯಿಂದ ಹೋಗಿ ಅದೇ ಪ್ರಾಂತ್ಯದ ಸರ್ರಿ ನಗರದಿಂದ ಗೆದ್ದಿದ್ದ ಶಾಸಕ ಜಗರೂಪ್ ಬ್ರಾರ್. ಅವರೂ ಒಂದು ಕಾಲಕ್ಕೆ ಬ್ಯಾಸ್ಕೆಟ್‌ಬಾಲ್ ಆಟಗಾರ. ಆಗ ನೆರವು ಧನ 610 ಡಾಲರ್. ತಿಂಗಳು ಪೂರ್ತಿ ಅಷ್ಟರಲ್ಲೇ ಕಳೆದರು, ಫುಡ್ ಬ್ಯಾಂಕ್ ಸಾಲಿನಲ್ಲೂ ನಿಂತರು, ಹತ್ತು ಕಿಲೊಗಿಂತ ಹೆಚ್ಚು ತೂಕ ಕಳೆದುಕೊಂಡರು. ಆಡಳಿತ ಪಕ್ಷ ಕದಲಲಿಲ್ಲ. 2007ರಿಂದ ನಿಂತಲ್ಲೇ ನಿಂತಿದ್ದ ಆ 610 ಡಾಲರ್ 710 ಆದದ್ದು 2017ರಲ್ಲಿ, ಬ್ರಾರ್ ಅವರ ಪಕ್ಷ ಅಧಿಕಾರಕ್ಕೆ ಬಂದ ಮೇಲೆ. 2021ರಲ್ಲಿ ಅದು 935ಕ್ಕೆ, 2023ರಲ್ಲಿ 1,060ಕ್ಕೆ ಏರಿತು. ಉಪವಾಸ ಮಾಡಿದ ಒಬ್ಬ ಶಾಸಕನಿಂದ ಸರ್ಕಾರದ ಮನಸ್ಸು ತಕ್ಷಣ ಕರಗಲಿಲ್ಲ. ಆದರೂ ಒಂದು ಸಂಖ್ಯೆಯನ್ನು ಜನರ ನಾಲಿಗೆಯ ಮೇಲೆ ಇಟ್ಟದ್ದು ಸಣ್ಣ ಕೆಲಸವಲ್ಲ.

ಇದಕ್ಕೆ ತದ್ವಿರುದ್ಧವಾದದ್ದು 1995ರ ಒಂಟಾರಿಯೊ. ಮೈಕ್ ಹ್ಯಾರಿಸ್ ಸರ್ಕಾರ ಆ ಅಕ್ಟೋಬರ್‌ನಲ್ಲಿ ನೆರವು ಧನವನ್ನು ಶೇ 21.6ರಷ್ಟು ಕಡಿತ ಮಾಡಿತು. ಸಮಾಜ ಸೇವಾ ಮಂತ್ರಿ ಡೇವಿಡ್ ಸುಬೌಚಿ, ನೆರವು ಪಡೆಯುವವರು ನೆಗ್ಗಿದ ಟ್ಯೂನಾ ಮೀನಿನ ಡಬ್ಬಿಗೆ ಚೌಕಾಸಿ ಮಾಡಬಹುದು ಎಂಬರ್ಥದ ಸಲಹೆ ಕೊಟ್ಟರು. ತಿಂಗಳಿಗೆ ಸುಮಾರು 90 ಡಾಲರಿನಲ್ಲಿ ಒಬ್ಬ ಉಣ್ಣಬಹುದೆಂಬ ಖರೀದಿ ಪಟ್ಟಿಯೂ ಬಂತು. ಹಸಿದವರ ಬಗ್ಗೆ ಅಧಿಕಾರಸ್ಥರಿಗೆ ಎಷ್ಟು ಕಡಿಮೆ ತಿಳಿದಿತ್ತು ಎಂಬುದನ್ನು ಆ ಪಟ್ಟಿಗಿಂತ ಚೆನ್ನಾಗಿ ಹೇಳುವ ದಾಖಲೆ ಸಿಗುವುದು ಕಷ್ಟ. ಮರುವರ್ಷವೇ ಕೆನಡಾ ನೆರವು ಯೋಜನೆಯೂ ರದ್ದಾಗಿ, ಅರ್ಧ ಖರ್ಚು ಹಂಚಿಕೊಳ್ಳುವ ಪದ್ಧತಿ ಹೋಯಿತು. ಆಶ್ರಯ ಕೇಂದ್ರಗಳು ಮತ್ತೆ ದೇಣಿಗೆ ಸಂಗ್ರಹಕ್ಕೆ ಇಳಿದವು.

ಎಣಿಕೆಯ ಕೆಲಸವೂ ಅಷ್ಟರಲ್ಲಿ ಶುರುವಾಗಿತ್ತು. ಫುಡ್ ಬ್ಯಾಂಕ್‌ಗಳ ರಾಷ್ಟ್ರೀಯ ಒಕ್ಕೂಟ 1989ರಿಂದ ಹಸಿವಿನ ಲೆಕ್ಕ ಪ್ರಕಟಿಸತೊಡಗಿತು. ಆದರೆ ಸಾಲಿಗೆ ಬಂದವರಷ್ಟೇ ಅದರಲ್ಲಿ ಸಿಗುತ್ತಾರೆ. 2004ರಲ್ಲಿ ಕೆನಡಾದ ಅಂಕಿಅಂಶ ಇಲಾಖೆ ಮನೆಮನೆಯ ಆಹಾರ ಅಭದ್ರತೆಯನ್ನು ಹದಿನೆಂಟು ಪ್ರಶ್ನೆಗಳಿಂದ ಅಳೆಯಲು ಆರಂಭಿಸಿತು. ಟೊರಾಂಟೊ ವಿಶ್ವವಿದ್ಯಾಲಯದ ವ್ಯಾಲರಿ ಟರಸುಕ್ ಮತ್ತು ಅವರ ‘ಪ್ರೂಫ್’ ಸಂಶೋಧನಾ ತಂಡ ಅದನ್ನು ಬಿಡಿಸಿ ಹೇಳಿದಾಗ ಹಳೆಯ ನಂಬಿಕೆಗಳು ಉದುರಿದವು. ಊಟಕ್ಕೆ ಪರದಾಡುವ ಕುಟುಂಬಗಳಲ್ಲಿ ಬಹುಪಾಲು ಫುಡ್ ಬ್ಯಾಂಕ್‌ಗೆ ಹೋಗುವುದೇ ಇಲ್ಲ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಸಂಬಳವೇ ಮುಖ್ಯ ಆದಾಯ. ಒಂಟಿ ತಾಯಂದಿರ ಮನೆಗಳಲ್ಲಿ ಕೊರತೆ ಎಲ್ಲರಿಗಿಂತ ತೀವ್ರ.

ಹಸಿವು ಮತ್ತು ಆಶ್ರಯದ ಎರಡು ಕಥೆಗಳು ಕೂಡುವುದು ಈ ಕೊನೆಯ ಮಾತಿನಲ್ಲೇ. ಹೊಡೆಯುವ ಗಂಡನನ್ನು ಬಿಟ್ಟು ಮಕ್ಕಳೊಡನೆ ಹೊರಬಂದವಳು ಅದೇ ದಿನ ಮನೆಯ ಒಂದು ಸಂಬಳವನ್ನೂ ಬಿಟ್ಟು ಬಂದಿರುತ್ತಾಳೆ. ಆಶ್ರಯ ಕೇಂದ್ರದಲ್ಲಿ ಇರಬಹುದಾದದ್ದು ಸಾಮಾನ್ಯವಾಗಿ ಕೆಲವು ವಾರ. ಆಮೇಲೆ ಬಾಡಿಗೆ ಮನೆ ಹಿಡಿಯಬೇಕು, ಅಡುಗೆಮನೆ ಮೊದಲಿನಿಂದ ಜೋಡಿಸಬೇಕು. ಆ ಹಂತದಲ್ಲಿ ಹಣ ಸಾಲದೆ ಎಷ್ಟೋ ಮಂದಿ ಮರಳಿ ಹೋಗುವುದನ್ನು ಅಲ್ಲಿನ ಸಿಬ್ಬಂದಿ ಕಣ್ಣಾರೆ ಕಾಣುತ್ತಾರೆ.

ಪ್ರಾಂತ್ಯಗಳು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಒಳ್ಳೆಯ ಉದಾಹರಣೆ. 2006ರಲ್ಲಿ ಅದು ಬಡತನ ನಿವಾರಣಾ ಕಾರ್ಯಕ್ರಮ ಜಾರಿಗೆ ತಂದು ನೆರವು ಧನ ಹೆಚ್ಚಿಸಿತು. ಅದನ್ನು ನಂಬಿದ್ದ ಕುಟುಂಬಗಳಲ್ಲಿ ಆಹಾರ ಅಭದ್ರತೆ 2007ರಲ್ಲಿ ಸುಮಾರು ಶೇ 60 ಇದ್ದದ್ದು 2012ರ ಹೊತ್ತಿಗೆ ಸುಮಾರು ಶೇ 34ಕ್ಕೆ ಇಳಿಯಿತು. ಕ್ವಿಬೆಕ್ 2002ರಲ್ಲೇ ಬಡತನದ ವಿರುದ್ಧ ಕಾನೂನು ಮಾಡಿತ್ತು. ಒಂಟಾರಿಯೊದಲ್ಲಿ ಸಾರ್ನಿಯಾದ ಶಾಸಕ ಬಾಬ್ ಬೈಲಿ ಆಯ್ದುಕೊಂಡದ್ದು ಬೇರೆ ದಾರಿ. ಫುಡ್ ಬ್ಯಾಂಕ್‌ಗೆ ಬೆಳೆ ಕೊಡುವ ರೈತನಿಗೆ ತೆರಿಗೆ ರಿಯಾಯಿತಿ ಸಿಗಬೇಕೆಂದು ಖಾಸಗಿ ಮಸೂದೆ ಮಂಡಿಸಿ ಹಟ ಹಿಡಿದರು. 2014ರಿಂದ ದಾನ ಕೊಟ್ಟ ಬೆಳೆಯ ಬೆಲೆಯಲ್ಲಿ ಶೇ 25 ರಿಯಾಯಿತಿ ಜಾರಿಗೆ ಬಂತು. ಒಳ್ಳೆಯ ಕೆಲಸವೇ. ಆದರೆ ಅದು ಉಗ್ರಾಣಕ್ಕೆ ತರಕಾರಿ ತರುತ್ತದೆ, ಸಾಲನ್ನು ಕಡಿಮೆ ಮಾಡುವುದಿಲ್ಲ.

ಮಹಿಳೆಯರ ವಿಷಯದಲ್ಲಿ ದೇಶವನ್ನು ನಡುಗಿಸಿದ್ದು 1989ರ ಡಿಸೆಂಬರ್ 6. ಮಾಂಟ್ರಿಯಲ್‌ನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಂದೂಕುಧಾರಿಯೊಬ್ಬ ಹದಿನಾಲ್ಕು ಹೆಣ್ಣುಮಕ್ಕಳನ್ನು ಕೊಂದ ದಿನ. 1991ರಿಂದ ಅದು ರಾಷ್ಟ್ರೀಯ ಸ್ಮರಣೆಯ ದಿನ. ಒಂಟಾರಿಯೊದಲ್ಲಿ ಪ್ರತಿ ನವೆಂಬರ್‌ನಲ್ಲಿ ಆಶ್ರಯ ಕೇಂದ್ರಗಳ ಒಕ್ಕೂಟ ನೇರಳೆ ಬಣ್ಣದ ಸ್ಕಾರ್ಫಿನ ಅಭಿಯಾನ ನಡೆಸುತ್ತದೆ. ಸದನದೊಳಗೆ ಅಭಿಯಾನದ ವಸ್ತು ತೊಡಲು ಸರ್ವಾನುಮತ ಬೇಕಾದ್ದರಿಂದ ಶಾಸಕರು ಎದ್ದು ಒಪ್ಪಿಗೆ ಕೇಳುತ್ತಾರೆ.

ಸ್ಕಾರ್ಫಿಗೆ ಸಿಗುವ ಒಮ್ಮತ ಮಸೂದೆಗೆ ಅಷ್ಟು ಸುಲಭವಾಗಿ ಸಿಗದು. ಒಂಟಾರಿಯೊದ ರೆನ್‌ಫ್ರೂ ಜಿಲ್ಲೆಯಲ್ಲಿ 2015ರ ಸೆಪ್ಟೆಂಬರ್ 22ರಂದು ಒಬ್ಬನೇ ವ್ಯಕ್ತಿ ಮೂವರು ಮಹಿಳೆಯರನ್ನು ಕೊಂದ. ಆ ಸಾವುಗಳ ವಿಚಾರಣೆ ನಡೆಸಿದ ಜ್ಯೂರಿ 2022ರ ಜೂನ್‌ನಲ್ಲಿ 86 ಶಿಫಾರಸು ಮಾಡಿತು. ಮೊದಲನೆಯದು, ಸಂಗಾತಿಯಿಂದ ಆಗುವ ಹಿಂಸೆಯನ್ನು ಸಾಂಕ್ರಾಮಿಕ ಪಿಡುಗು ಎಂದು ವಿಧ್ಯುಕ್ತವಾಗಿ ಘೋಷಿಸಬೇಕು ಎಂಬುದು. ಇದು ಅಂಟುರೋಗವಲ್ಲವೆಂದು 2023ರಲ್ಲಿ ಪ್ರಾಂತೀಯ ಸರ್ಕಾರ ಒಪ್ಪಲಿಲ್ಲ. ಹತ್ತಾರು ಸ್ಥಳೀಯ ಸಂಸ್ಥೆಗಳು ತಾವೇ ಘೋಷಣೆ ಮಾಡಿಕೊಂಡವು. 2024ರ ಏಪ್ರಿಲ್‌ನಲ್ಲಿ ವಿರೋಧ ಪಕ್ಷದ ಶಾಸಕರಾದ ಕ್ರಿಸ್ಟಿನ್ ವಾಂಗ್-ಟಾಮ್ ಮತ್ತು ಸಹೋದ್ಯೋಗಿಗಳು ಈ ಘೋಷಣೆಗಾಗಿ ತಂದ 173ನೇ ಮಸೂದೆಗೆ ಎರಡನೇ ವಾಚನದಲ್ಲಿ ಸರ್ಕಾರ ಬೆಂಬಲ ಕೊಟ್ಟು ಸಮಿತಿಗೆ ಕಳಿಸಿತು. 2025ರ ಜನವರಿಯಲ್ಲಿ ಚುನಾವಣೆಗೆಂದು ಸದನ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು. ನೋವಾ ಸ್ಕೋಶಿಯಾದ ಅನುಭವ ಬೇರೆ. 2020ರಲ್ಲಿ 22 ಜನರ ಹತ್ಯೆ ಕಂಡ ಆ ಪ್ರಾಂತ್ಯದಲ್ಲಿ ವಿರೋಧ ಪಕ್ಷದ ಕ್ಲಾಡಿಯಾ ಚೆಂಡರ್ ತಂದ ಇಂಥದೇ ಮಸೂದೆ 2024ರ ಸೆಪ್ಟೆಂಬರ್‌ನಲ್ಲಿ ಕಾನೂನಾಯಿತು.

ಹಸಿವಿನ ಅಂಕಿಗಳು ಈ ನಡುವೆ ಜಿಗಿದಿವೆ. 2019ರ ಮಾರ್ಚ್‌ನಲ್ಲಿ ದೇಶದ ಫುಡ್ ಬ್ಯಾಂಕ್‌ಗಳಿಗೆ ಸುಮಾರು 11 ಲಕ್ಷ ಭೇಟಿಗಳಾಗಿದ್ದರೆ 2024ರ ಮಾರ್ಚ್‌ನಲ್ಲಿ 20 ಲಕ್ಷ ದಾಟಿತು, 2025ರಲ್ಲಿ ಸುಮಾರು 22 ಲಕ್ಷ. 2024ರಲ್ಲಿ ಹತ್ತು ಪ್ರಾಂತ್ಯಗಳ ಜನರಲ್ಲಿ ನಾಲ್ಕನೇ ಒಂದು ಭಾಗ, ಅಂದರೆ ಸುಮಾರು ಒಂದು ಕೋಟಿ ಜನ, ಆಹಾರ ಅಭದ್ರತೆಯಿರುವ ಮನೆಗಳಲ್ಲಿದ್ದರು. ಒಂಟಾರಿಯೊದಲ್ಲಿ ಒಂಟಿ ವ್ಯಕ್ತಿಗೆ ಸಿಗುವ ನೆರವು 733 ಡಾಲರ್. 2018ರಿಂದ ಅದು ಅಷ್ಟೇ. ಸಾಲಿನಲ್ಲಿ ಭಾರತದ ವಿದ್ಯಾರ್ಥಿಗಳೂ ಇದ್ದಾರೆ. ಒಂಟಾರಿಯೊದ ಬ್ರ್ಯಾಂಪ್ಟನ್‌ನಲ್ಲಿ ಒಂದು ಫುಡ್ ಬ್ಯಾಂಕ್ ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವುದಿಲ್ಲವೆಂದು ಫಲಕ ಹಾಕಿದ್ದು ದೊಡ್ಡ ಚರ್ಚೆಯಾಯಿತು. ಸರ್ರಿಯಲ್ಲಿ ಸಿಖ್ ಸಮುದಾಯ 2020ರಲ್ಲಿ ಕಟ್ಟಿದ ಗುರುನಾನಕ್ ಫುಡ್ ಬ್ಯಾಂಕ್ ಅಂಥ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದಿಟ್ಟಿತು.

ಭಾರ ಹೊರುವ ಕೈಗಳು ಮಾತ್ರ ಕಡಿಮೆಯಾಗುತ್ತಿವೆ. ಸಂಸ್ಥೆಗಳ ಮೂಲಕ ಸ್ವಯಂಸೇವೆ ಮಾಡುವವರು 2018ರಲ್ಲಿ ಶೇ 41 ಇದ್ದರು, 2023ರಲ್ಲಿ ಶೇ 32. ಮುಪ್ಪಿನವರು ಕೋವಿಡ್ ಕಾಲದಲ್ಲಿ ಮನೆಗೆ ಹೋದರು, ಎಲ್ಲರೂ ಮರಳಲಿಲ್ಲ. ಏಪ್ರಿಲ್‌ನ ಸ್ವಯಂಸೇವಕರ ಸಪ್ತಾಹದಲ್ಲಿ ಸದನಗಳಲ್ಲಿ ಹೊಗಳಿಕೆ ಹರಿಯುತ್ತದೆ. ಅವರು ಅದಕ್ಕೆ ಅರ್ಹರೇ. ಬೆಳಗಿನ ಏಳಕ್ಕೆ ಬಂದು ಆಲೂಗಡ್ಡೆ ಮೂಟೆ ಇಳಿಸುವ ನಿವೃತ್ತ ಶಿಕ್ಷಕಿಗೆ ಶಾಸಕನ ಎರಡು ಮಾತು ಹುಮ್ಮಸ್ಸು ಕೊಡುತ್ತದೆ. ಅವರು ಕೇಳುವುದು ಮಾತ್ರ ಬಾಡಿಗೆ ಮತ್ತು ನೆರವು ಧನದ ಬಗ್ಗೆ.

ಬಜೆಟ್ಟಿನ ಕಡೆಗೆ ತಿರುಗಿದ ಒಂದು ಹೆಜ್ಜೆ ಶಾಲಾ ಊಟದಲ್ಲಿ ಕಾಣುತ್ತಿದೆ. ಜಿ-7 ದೇಶಗಳಲ್ಲಿ ರಾಷ್ಟ್ರೀಯ ಶಾಲಾ ಆಹಾರ ಕಾರ್ಯಕ್ರಮವಿಲ್ಲದ ಏಕೈಕ ದೇಶವಾಗಿದ್ದ ಕೆನಡಾ 2024ರ ಏಪ್ರಿಲ್‌ನಲ್ಲಿ ಐದು ವರ್ಷಕ್ಕೆ 100 ಕೋಟಿ ಡಾಲರ್ ಪ್ರಕಟಿಸಿತು. ವರ್ಷಕ್ಕೆ ಇನ್ನೂ ನಾಲ್ಕು ಲಕ್ಷ ಮಕ್ಕಳಿಗೆ ಊಟ ಕೊಡುವುದು ಗುರಿ. ಮೊದಲು ಸಹಿ ಹಾಕಿದ್ದು ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್. 2025ರ ಮಾರ್ಚ್ ಹೊತ್ತಿಗೆ ಹತ್ತು ಪ್ರಾಂತ್ಯಗಳು, ಮೂರು ಪ್ರದೇಶಗಳು ಎಲ್ಲವೂ ಒಪ್ಪಂದಕ್ಕೆ ಬಂದಿದ್ದವು. ಅನೇಕ ಶಾಲೆಗಳಲ್ಲಿ ಬೆಳಗಿನ ತಿಂಡಿ ಬಡಿಸುವವರು ಈಗಲೂ ಊರಿನ ಸ್ವಯಂಸೇವಕರೇ. ಹಾಲು, ಬ್ರೆಡ್ಡಿನ ಬಿಲ್ಲಿನಲ್ಲಿ ಒಂದು ಪಾಲನ್ನು ಈಗ ಒಕ್ಕೂಟ ಸರ್ಕಾರವೂ ಕಟ್ಟುತ್ತಿದೆ.