ಬಾಗಲಕೋಟೆ ಪ್ರದೇಶದ ಬಾಸೆಲ್ ಮಿಶನ್ ಸಭೆಗಳು

ಬಾಗಲಕೋಟೆ ಪ್ರದೇಶದ ಬಾಸೆಲ್ ಮಿಶನ್ ಸಭೆಗಳು ಉತ್ತರ ಕರ್ನಾಟಕದ ಪ್ರಾಟೆಸ್ಟಂಟ್ ಕ್ರೈಸ್ತ ಪರಂಪರೆಯ ಒಂದು ಭಾಗವಾಗಿವೆ. ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿ ಈ ಪರಂಪರೆಯ ಮುಖ್ಯ ಕೇಂದ್ರವು ಬಾದಾಮಿಗೆ ಸಮೀಪದ ನೇಕಾರರ ಪಟ್ಟಣವಾದ ಗುಳೇದಗುಡ್ಡದಲ್ಲಿ 1851ರಲ್ಲಿ ಆರಂಭವಾಯಿತು. ಈ ಸಭೆಗಳಲ್ಲಿ ಹೆಚ್ಚಿನವು ಕಾಲಾನಂತರದಲ್ಲಿ ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) ವಿಲೀನಗೊಂಡವು. ಜಾತಿ, ಕುಲ, ಕಸುಬುಗಳ ಭೇದವಿಲ್ಲದೆ ಎಲ್ಲರನ್ನೂ ಒಂದೇ ಆರಾಧನೆಗೂ ಒಂದೇ ಭೋಜನಕ್ಕೂ ಬರಮಾಡಿಕೊಳ್ಳುವುದು ಈ ಪರಂಪರೆಯ ಘೋಷಿತ ಆದರ್ಶವಾಗಿದೆ. ಆ ಆದರ್ಶವನ್ನು ಆಚರಣೆಗೆ ತರುವಾಗ ಎದುರಾದ ಸಾಮಾಜಿಕ, ಆರ್ಥಿಕ ಹಾಗೂ ಕಾನೂನಿನ ಪ್ರಶ್ನೆಗಳು ಈ ಸಭೆಗಳ ಇತಿಹಾಸದ ಮುಖ್ಯ ವಿಷಯಗಳಾಗಿವೆ.

ಹಿನ್ನೆಲೆ

ಬಾಸೆಲ್ ಮಿಶನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾಯಿತು. ಅದರ ಕಾರ್ಯಕರ್ತರಲ್ಲಿ ಬಹುಪಾಲು ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ರೈತ ಮತ್ತು ಕುಶಲಕರ್ಮಿ ಕುಟುಂಬಗಳಿಂದ ಬಂದವರು. ವೈಯಕ್ತಿಕ ಭಕ್ತಿ, ಬೈಬಲ್ ಅಧ್ಯಯನ ಮತ್ತು ಶಿಸ್ತಿನ ದುಡಿಮೆಗೆ ಒತ್ತು ಕೊಡುವ ಪಯಟಿಸಂ ಎಂಬ ಧಾರ್ಮಿಕ ಚಳವಳಿಯು ಇವರನ್ನು ರೂಪಿಸಿತ್ತು. ಲೂಥರನ್ ಮತ್ತು ರಿಫಾರ್ಮ್ಡ್ ಎಂಬ ಎರಡೂ ಪಂಗಡಗಳವರು ಒಂದೇ ಸಂಸ್ಥೆಯಲ್ಲಿ ದುಡಿಯುತ್ತಿದ್ದುದು ಬಾಸೆಲ್ ಮಿಶನ್ನಿನ ವೈಶಿಷ್ಟ್ಯವಾಗಿತ್ತು.

ಈಸ್ಟ್ ಇಂಡಿಯಾ ಕಂಪನಿಯ 1833ರ ಸನದು ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದಲ್ಲಿ ಕೆಲಸಮಾಡಲು ದಾರಿ ತೆರೆಯಿತು. ಮರುವರ್ಷವೇ, ಅಂದರೆ 1834ರಲ್ಲಿ, ಸ್ಯಾಮುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅಲ್ಲಿಂದ ಮಿಶನ್ನಿನ ಕೆಲಸವು ಘಟ್ಟದ ಮೇಲಕ್ಕೆ ವಿಸ್ತರಿಸಿತು. ಧಾರವಾಡದಲ್ಲಿ 1837, ಹುಬ್ಬಳ್ಳಿಯಲ್ಲಿ 1839, ಗದಗದ ಬೆಟಗೇರಿಯಲ್ಲಿ 1841 ಮತ್ತು ಗುಳೇದಗುಡ್ಡದಲ್ಲಿ 1851ರಲ್ಲಿ ಕೇಂದ್ರಗಳು ತೆರೆದವು. ಆಗ ಬಾದಾಮಿ, ಹುನಗುಂದ, ಬಾಗಲಕೋಟೆ ಭಾಗಗಳು ಮುಂಬಯಿ ಪ್ರೆಸಿಡೆನ್ಸಿಗೆ ಸೇರಿದ್ದವು. ಬಾಗಲಕೋಟೆಯು ವಿಜಾಪುರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಈ ಸೀಮೆಗೆ ಕ್ರೈಸ್ತಧರ್ಮದ ಪರಿಚಯವು ಬಾಸೆಲ್ ಮಿಶನ್ನಿನಿಂದಲೇ ಮೊದಲಾಗಿ ಆದದ್ದಲ್ಲ. ಇಳಕಲ್ಲಿಗೆ ನೆರೆಯ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಹದಿನಾರನೆಯ ಶತಮಾನದ್ದೆಂದು ಹೇಳಲಾಗುವ ಕಥೋಲಿಕ ದೇವಾಲಯವಿದೆ. ಜಾತಿಭೇದದ ನಿರಾಕರಣೆಯೂ ಇಲ್ಲಿ ಹೊಸ ಮಾತಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣ ಚಳವಳಿಯ ನೇತಾರ ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮವು ಹುನಗುಂದ ತಾಲ್ಲೂಕಿನಲ್ಲಿದೆ. ಮಿಶನರಿಗಳು ಲಿಂಗಾಯತ ಸಾಹಿತ್ಯವನ್ನು ಆಸಕ್ತಿಯಿಂದ ಓದಿದರು. ಬಾಸೆಲ್ ಮಿಶನ್ನಿನ ವುರ್ತ್ ಅವರು 1860ರ ದಶಕದಲ್ಲಿ ಬಸವಪುರಾಣವನ್ನು ಇಂಗ್ಲಿಷಿನಲ್ಲಿ ಪರಿಚಯಿಸಿದರು.

ಸ್ವಾಗತ ಮತ್ತು ಜಾತಿಯ ಪ್ರಶ್ನೆ

ಸಭೆಗೆ ಸೇರುವವರು ಜಾತಿಯ ಗುರುತುಗಳನ್ನು ಬಿಡಬೇಕೆಂಬುದು ಬಾಸೆಲ್ ಮಿಶನ್ನಿನ ನಿಯಮವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಪ್ರಾಟೆಸ್ಟಂಟ್ ಮಿಶನ್‌ಗಳಲ್ಲಿ ಈ ವಿಷಯದ ಕುರಿತು ಒಮ್ಮತವಿರಲಿಲ್ಲ. ತಮಿಳುನಾಡಿನಲ್ಲಿ ಕೆಲಸಮಾಡುತ್ತಿದ್ದ ಲೈಪ್ಸಿಗ್ ಮಿಶನ್, ಜಾತಿಯನ್ನು ಸಾಮಾಜಿಕ ವ್ಯವಸ್ಥೆಯೆಂದು ಭಾವಿಸಿ ಸ್ವಲ್ಪಮಟ್ಟಿಗೆ ಸಹಿಸಿಕೊಂಡಿತು. ಬಾಸೆಲ್ ಮಿಶನ್ ಅದನ್ನು ಒಪ್ಪಲಿಲ್ಲ. ಒಂದೇ ಪಾತ್ರೆಯಿಂದ ಕರ್ತನ ಭೋಜನವನ್ನು ಸ್ವೀಕರಿಸುವವರು ಹೊರಗೆ ಒಬ್ಬರನ್ನೊಬ್ಬರು ಮುಟ್ಟದೆ ಇರುವುದು ನಂಬಿಕೆಗೆ ವಿರುದ್ಧವೆಂಬುದು ಅದರ ನಿಲುವಾಗಿತ್ತು.

ಈ ನಿಯಮವು ಸೇರುವವರಿಂದ ದೊಡ್ಡ ತ್ಯಾಗವನ್ನು ಬೇಡುತ್ತಿತ್ತು. ಜಾತಿಯಿಂದ ಹೊರಬಿದ್ದವನು ಮನೆ, ಬಾವಿ, ನೆಂಟಸ್ತಿಕೆಗಳನ್ನಷ್ಟೇ ಅಲ್ಲದೆ ಅನೇಕ ವೇಳೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದನು. ನೇಕಾರಿಕೆಯಂಥ ವೃತ್ತಿಯಲ್ಲಿ ನೂಲು ಒದಗಿಸುವವರು, ಸಾಲ ಕೊಡುವವರು ಮತ್ತು ಬಟ್ಟೆ ಕೊಳ್ಳುವವರು ಸಮುದಾಯದ ಸಂಬಂಧಗಳಿಂದಲೇ ಹೆಣೆದುಕೊಂಡಿರುತ್ತಾರೆ. ಆ ಸಂಬಂಧ ಕಡಿದರೆ ಮಗ್ಗವಿದ್ದರೂ ಕೆಲಸವಿರುವುದಿಲ್ಲ. ಖಣಕ್ಕೆ ಹೆಸರಾದ ಗುಳೇದಗುಡ್ಡ ಮತ್ತು ಸೀರೆಗೆ ಹೆಸರಾದ ಇಳಕಲ್ಲುಗಳಂಥ ಊರುಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ.

ಆಸ್ತಿಯ ಹಕ್ಕಿನ ಮಟ್ಟಿಗೆ 1850ರ ಜಾತಿ ನಿರ್ಬಂಧ ನಿವಾರಣಾ ಕಾಯಿದೆಯು ರಕ್ಷಣೆ ಒದಗಿಸಿತು. ಧರ್ಮ ಬದಲಾಯಿಸಿದ ಅಥವಾ ಜಾತಿಯಿಂದ ಹೊರಗಾದ ಕಾರಣಕ್ಕೆ ಯಾರೂ ಉತ್ತರಾಧಿಕಾರವನ್ನು ಕಳೆದುಕೊಳ್ಳಬಾರದೆಂದು ಆ ಕಾಯಿದೆ ಹೇಳಿತು. ದಿನದ ಅನ್ನದ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿರಲಿಲ್ಲ. ಮಿಶನ್ ಇದಕ್ಕೆ ಉದ್ಯೋಗಶಾಲೆಗಳ ಮೂಲಕ ಪರಿಹಾರ ಹುಡುಕಿತು. ಮಂಗಳೂರು, ಕಣ್ಣೂರು, ಕಲ್ಲಿಕೋಟೆಗಳಲ್ಲಿ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳು ಬೆಳೆದವು. ಮಂಗಳೂರಿನ ಹೆಂಚಿನ ಕಾರ್ಖಾನೆ ಆರಂಭವಾದದ್ದು 1865ರಲ್ಲಿ.

1876–78ರ ಮಹಾಕ್ಷಾಮವು ಕಲಾದಗಿ ಜಿಲ್ಲೆಯನ್ನು, ಅಂದರೆ ಇಂದಿನ ವಿಜಾಪುರ ಮತ್ತು ಬಾಗಲಕೋಟೆ ಭಾಗಗಳನ್ನು, ತೀವ್ರವಾಗಿ ಬಾಧಿಸಿತು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಕುಸಿಯಿತು. ಕ್ಷಾಮದ ಕಾಲದಲ್ಲಿ ಮಿಶನ್‌ಗಳು ಅನ್ನ ಹಾಗೂ ಅನಾಥ ಮಕ್ಕಳಿಗೆ ಆಶ್ರಯ ಒದಗಿಸಿದವು. ಹೀಗೆ ಬಂದವರ ನಂಬಿಕೆಯ ಪ್ರಾಮಾಣಿಕತೆಯನ್ನು ಕುರಿತು ಭಾರತದಲ್ಲಿ ಅಂದಿನಿಂದಲೂ ಚರ್ಚೆ ನಡೆದಿದೆ. ಹಸಿವಿನ ಸಮಯದ ನೆರವು ಧರ್ಮಾಂತರಕ್ಕೆ ಆಮಿಷವಾಗುತ್ತದೆ ಎಂಬುದು ಟೀಕಾಕಾರರ ವಾದ. ನೆರವನ್ನು ನಂಬಿಕೆಗೆ ಗಂಟುಹಾಕದೆ ಎಲ್ಲರಿಗೂ ನೀಡುವುದು ಕ್ರೈಸ್ತನ ಕರ್ತವ್ಯವೆಂಬುದು ಸಭೆಗಳ ಉತ್ತರ.

ಮೂಲ ನಂಬಿಕೆಗಳು

ದಕ್ಷಿಣ ಭಾರತ ಸಭೆಯ ಸಂವಿಧಾನವು ಸಭೆಯ ನಂಬಿಕೆಗಳನ್ನು ಸಂಗ್ರಹವಾಗಿ ನಿರೂಪಿಸುತ್ತದೆ. ಅವುಗಳಲ್ಲಿ ಮುಖ್ಯವಾದವು ಇವು:

ಸತ್ಯವೇದ: ಹಳೆಯ ಮತ್ತು ಹೊಸ ಒಡಂಬಡಿಕೆಗಳು ರಕ್ಷಣೆಗೆ ಬೇಕಾದುದೆಲ್ಲವನ್ನೂ ಒಳಗೊಂಡಿವೆ ಮತ್ತು ನಂಬಿಕೆಯ ವಿಷಯದಲ್ಲಿ ಅವೇ ಅಂತಿಮ ಪ್ರಮಾಣ.

ವಿಶ್ವಾಸ ಪ್ರಮಾಣಗಳು: ಅಪೊಸ್ತಲರ ವಿಶ್ವಾಸ ಪ್ರಮಾಣ ಮತ್ತು ನೈಸೀಯ ವಿಶ್ವಾಸ ಪ್ರಮಾಣಗಳನ್ನು ಸಭೆ ಅಂಗೀಕರಿಸುತ್ತದೆ. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೇಕ ದೇವರಲ್ಲಿ ನಂಬಿಕೆ ಇವುಗಳ ತಿರುಳು.

ಸಂಸ್ಕಾರಗಳು: ಕ್ರಿಸ್ತನು ಸ್ಥಾಪಿಸಿದ ಸಂಸ್ಕಾರಗಳೆಂದು ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎಂಬ ಎರಡನ್ನು ಆಚರಿಸಲಾಗುತ್ತದೆ. ಕ್ರೈಸ್ತ ಕುಟುಂಬಗಳ ಶಿಶುಗಳಿಗೂ ದೀಕ್ಷಾಸ್ನಾನ ನೀಡುವ ರೂಢಿಯಿದೆ.

ಬಿಷಪ್ ಪದವಿ: ಐತಿಹಾಸಿಕವಾಗಿ ಬಂದ ಬಿಷಪ್ ಪದವಿಯನ್ನು ಸಂವಿಧಾನಬದ್ಧ ರೂಪದಲ್ಲಿ ಸ್ವೀಕರಿಸಲಾಗಿದೆ. ಬಿಷಪರು ಸಭಾಪಾಲಕರ ಮತ್ತು ಸಾಮಾನ್ಯ ಸದಸ್ಯರ ಪ್ರತಿನಿಧಿಗಳೊಡನೆ ಆಡಳಿತ ನಡೆಸುತ್ತಾರೆ.

ಬಾಸೆಲ್ ಪರಂಪರೆಯ ಸಭೆಗಳಿಗೆ ಇವುಗಳಲ್ಲಿ ಕೊನೆಯದು ಹೊಸದಾಗಿತ್ತು. ಅವುಗಳಲ್ಲಿ ಬಿಷಪರಿರಲಿಲ್ಲ. ಸಭಾಪಾಲಕರು ಮತ್ತು ಸಭೆಯ ಹಿರಿಯರು ಸೇರಿ ಆಡಳಿತ ನಡೆಸುತ್ತಿದ್ದರು.

ಐಕ್ಯದ ದರ್ಶನ

ಒಂದನೆಯ ಮಹಾಯುದ್ಧವು 1914ರಲ್ಲಿ ಆರಂಭವಾದ ಮೇಲೆ ಜರ್ಮನ್ ಮಿಶನರಿಗಳು ಭಾರತದಲ್ಲಿ ಕೆಲಸ ಮುಂದುವರಿಸಲಾಗಲಿಲ್ಲ. ಸಭೆಗಳ ಹೊಣೆ ಹೆಚ್ಚುಹೆಚ್ಚಾಗಿ ಸ್ಥಳೀಯ ಸಭಾಪಾಲಕರ ಮೇಲೆ ಬಿತ್ತು. ಅದೇ ಕಾಲದಲ್ಲಿ ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಸಭೆಗಳನ್ನು ಒಂದುಗೂಡಿಸುವ ಪ್ರಯತ್ನ ಬಲಗೊಂಡಿತು. ಯುರೋಪಿನ ಪಂಗಡಗಳ ಜಗಳಗಳನ್ನು ಭಾರತದ ಕ್ರೈಸ್ತರು ಹೊತ್ತುಕೊಂಡು ತಿರುಗಬೇಕಾಗಿಲ್ಲ ಎಂಬ ಭಾವನೆ ಇದಕ್ಕೆ ಪ್ರೇರಣೆಯಾಗಿತ್ತು. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಸಭಾನಾಯಕರ ಸಮ್ಮೇಳನದಿಂದ ಮಾತುಕತೆ ಆರಂಭವಾಯಿತು. ಭಾರತೀಯರಲ್ಲಿ ಮೊದಲ ಆಂಗ್ಲಿಕನ್ ಬಿಷಪರಾದ ವಿ. ಎಸ್. ಅಜರಯ್ಯ ಇದರಲ್ಲಿ ಪ್ರಮುಖರಾಗಿದ್ದರು.

ಇಪ್ಪತ್ತೆಂಟು ವರ್ಷಗಳ ಚರ್ಚೆಯ ನಂತರ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದ್ಘಾಟನೆಗೊಂಡಿತು. ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಇದರಲ್ಲಿ ಒಂದಾದವು. ಮನಸ್ಸಾಕ್ಷಿಗೆ ಒಪ್ಪದ ಆರಾಧನಾಕ್ರಮವನ್ನು ಯಾವ ಸ್ಥಳೀಯ ಸಭೆಯ ಮೇಲೂ ಹೇರುವುದಿಲ್ಲವೆಂದು ಒಂದಾಗುವಾಗ ಪರಸ್ಪರ ವಚನ ಕೊಡಲಾಯಿತು. ಭಿನ್ನ ಪದ್ಧತಿಗಳವರು ಒಂದೇ ಸಭೆಯಲ್ಲಿ ಬಾಳಲು ಈ ವಚನ ಆಧಾರವಾಯಿತು. ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರ ಐಕ್ಯಕ್ಕಾಗಿ ಮಾಡುವ ಪ್ರಾರ್ಥನೆಯಿಂದ ಸಭೆಯ ಧ್ಯೇಯವಾಕ್ಯವನ್ನು ಆರಿಸಲಾಗಿದೆ. ಕಮಲ ಮತ್ತು ಶಿಲುಬೆಗಳು ಅದರ ಲಾಂಛನದಲ್ಲಿವೆ.

ಉತ್ತರ ಕರ್ನಾಟಕದ ಬಾಸೆಲ್ ಸಭೆಗಳು ಈ ಐಕ್ಯವನ್ನು ಸೇರಿದ್ದು ನಂತರದ ವರ್ಷಗಳಲ್ಲಿ. 1970ರಲ್ಲಿ ಮೈಸೂರು ಸಭಾಪ್ರಾಂತವನ್ನು ಮೂರಾಗಿ ವಿಂಗಡಿಸಿದಾಗ ಧಾರವಾಡವನ್ನು ಕೇಂದ್ರವಾಗಿಸಿಕೊಂಡು ಕರ್ನಾಟಕ ಉತ್ತರ ಸಭಾಪ್ರಾಂತ ರೂಪುಗೊಂಡಿತು.

ಆರಾಧನೆ ಮತ್ತು ಭಾಷೆ

ಆರಾಧನೆಯ ಭಾಷೆ ಕನ್ನಡ. ಜನರು ತಮ್ಮ ಮಾತಿನಲ್ಲೇ ಸತ್ಯವೇದವನ್ನು ಓದಬೇಕೆಂಬ ನಂಬಿಕೆಯಿಂದ ಮಿಶನ್‌ಗಳು ಅನುವಾದ, ಮುದ್ರಣ ಮತ್ತು ಶಾಲೆಗಳಿಗೆ ಆದ್ಯತೆ ಕೊಟ್ಟವು. ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ಸಂಪೂರ್ಣ ಕನ್ನಡ ಬೈಬಲ್ 1831ರ ವೇಳೆಗೆ ಸಿದ್ಧವಾಯಿತು. ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದರು. ಫರ್ಡಿನೆಂಡ್ ಕಿಟ್ಟೆಲ್ ಕ್ರಿಸ್ತನ ಜೀವನವನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ 1862ರಲ್ಲಿ ಪ್ರಕಟಿಸಿದರು. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂತು.

ದಕ್ಷಿಣ ಭಾರತ ಸಭೆಯ ಕರ್ತನ ಭೋಜನದ ಆರಾಧನಾಕ್ರಮ 1950ರಲ್ಲಿ ರಚನೆಯಾಯಿತು. ಅದರಲ್ಲಿ ಸಭಾಪಾಲಕರಿಂದ ಆರಂಭಿಸಿ ಒಬ್ಬರಿಂದೊಬ್ಬರಿಗೆ ಕೈಗಳ ಮೂಲಕ ಸಮಾಧಾನದ ವಂದನೆ ಸಾಗುತ್ತದೆ. ಕುಲದ ಕಾರಣಕ್ಕೆ ಪರಸ್ಪರ ಮುಟ್ಟಲಾಗದಿದ್ದವರ ಸಂತತಿಯವರು ಅಕ್ಕಪಕ್ಕ ಕುಳಿತ ಸಭೆಯಲ್ಲಿ ಈ ಪುಟ್ಟ ವಿಧಿಗೆ ನಂಬಿಕೆಯಷ್ಟೇ ಸಾಮಾಜಿಕ ಮಹತ್ವವೂ ಇದೆ. ಮಹಿಳೆಯರನ್ನು ಸಭಾಪಾಲಕರಾಗಿ ಅಭಿಷೇಕಿಸುವ ಪದ್ಧತಿ 1976ರಲ್ಲಿ ಆರಂಭವಾಯಿತು. ಇ. ಪುಷ್ಪಲಲಿತ 2013ರಲ್ಲಿ ಸಭೆಯ ಮೊದಲ ಮಹಿಳಾ ಬಿಷಪರಾದರು.

ಇಂದಿನ ಪ್ರಶ್ನೆಗಳು

ಬಾಗಲಕೋಟೆ ಜಿಲ್ಲೆಯಲ್ಲಿ ಕ್ರೈಸ್ತರ ಪ್ರಮಾಣ ಶೇಕಡ ಒಂದಕ್ಕಿಂತ ಕಡಿಮೆ. ಸಂಖ್ಯೆ ಚಿಕ್ಕದಾದರೂ ಜಾತಿಯ ಪ್ರಶ್ನೆ ಇಲ್ಲಿಗೂ ಅನ್ವಯಿಸುತ್ತದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಸೀಮಿತವಾಗಿತ್ತು. ಅದನ್ನು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಲಾಯಿತು. ದಲಿತ ಕ್ರೈಸ್ತರಿಗೆ ಅದು ದೊರೆತಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ–1ರಲ್ಲಿ ಸೇರಿಸಲಾಗಿದೆ. ಈ ವಿಷಯವನ್ನು ಪರಿಶೀಲಿಸಲು ಕೇಂದ್ರ ಸರ್ಕಾರವು 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು.

ಕ್ರೈಸ್ತರಲ್ಲಿ ಜಾತಿಯಿಲ್ಲವೆಂಬುದು ಸಭೆಯ ಸಿದ್ಧಾಂತ. ಧರ್ಮ ಬದಲಾದರೂ ಊರಿನವರ ಕಣ್ಣಿನಲ್ಲಿ, ಕೆಲವೊಮ್ಮೆ ಸಭೆಯೊಳಗಿನ ಮದುವೆ ಸಂಬಂಧಗಳಲ್ಲಿಯೂ, ಹಳೆಯ ಗುರುತು ಉಳಿಯುತ್ತದೆ ಎಂಬುದು ದಲಿತ ಕ್ರೈಸ್ತ ಚಿಂತಕರ ವಾದ. ಈ ಎರಡರ ನಡುವಿನ ಅಂತರವನ್ನು ಸಭೆಗಳೇ ಒಪ್ಪಿಕೊಂಡು ಚರ್ಚಿಸಬೇಕೆಂಬ ಒತ್ತಾಯವು 1980ರ ದಶಕದಿಂದೀಚೆಗೆ ಬೆಳೆದ ದಲಿತ ದೈವಶಾಸ್ತ್ರದಲ್ಲಿ ಕಾಣುತ್ತದೆ.