ಮ್ಯಾಗ್ನೆಟ್ ಅಂಟಿದರೆ ಸ್ಟೀಲ್ ಪಾತ್ರೆ ನಕಲಿಯೇ? ಫಾರ್ವರ್ಡ್ ಸಂದೇಶ ಹೇಳದ ನಾಲ್ಕು ಗುಣಗಳು

ಸ್ಟೀಲ್ ಪಾತ್ರೆ ಕೊಳ್ಳುವಾಗ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿದರೆ ನಕಲಿ, ಅಂಟದಿದ್ದರೆ ಅಸಲಿ. ಈ ಅರ್ಥದ ಸಂದೇಶಗಳು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಕೆಲವದರಲ್ಲಿ ಇನ್ನೊಂದು ಸಾಲು ಸೇರಿರುತ್ತದೆ: ಮ್ಯಾಗ್ನೆಟ್ ಅಂಟುವ ಪಾತ್ರೆಯಲ್ಲಿ ಅಡುಗೆ ಮಾಡಿದರೆ ಆರೋಗ್ಯ ಕೆಡುತ್ತದೆ, ಕೂಡಲೇ ಎಸೆಯಿರಿ.

ಇದನ್ನು ನಂಬಿ ಹಳೆಯ ಪಾತ್ರೆಗಳನ್ನು ಗುಜರಿಗೆ ಹಾಕುವ ಮುನ್ನ ಈ ಲೇಖನ ಓದಿ. ನಮ್ಮ ಉತ್ತರ ಚುಟುಕಾಗಿ ಇಷ್ಟು: ಮ್ಯಾಗ್ನೆಟ್ ಪರೀಕ್ಷೆಯಿಂದ ಉಕ್ಕಿನೊಳಗೆ ಪರಮಾಣುಗಳು ಹೇಗೆ ಜೋಡಣೆಯಾಗಿವೆ ಎಂಬುದು ಗೊತ್ತಾಗುತ್ತದೆ. ಪಾತ್ರೆಯ ಗುಣಮಟ್ಟ ಗೊತ್ತಾಗುವುದಿಲ್ಲ. ಒಳ್ಳೆಯ ಪಾತ್ರೆಗೂ ಮ್ಯಾಗ್ನೆಟ್ ಅಂಟಬಹುದು, ಅಗ್ಗದ ಪಾತ್ರೆಗೆ ಅಂಟದೇ ಇರಬಹುದು. ಯಾಕೆ ಹೀಗೆ ಎಂದು ಒಂದೊಂದಾಗಿ ನೋಡೋಣ.

ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಏನು?

ಕಬ್ಬಿಣಕ್ಕೆ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಬೆರೆಸಿದರೆ ಅದು ಸ್ಟೇನ್‌ಲೆಸ್ ಸ್ಟೀಲ್ ಎನಿಸಿಕೊಳ್ಳುತ್ತದೆ. ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಲೋಹದ ಮೇಲೆ ತೆಳುವಾದ ಪದರ ಕಟ್ಟುತ್ತದೆ. ಈ ಪದರದ ದಪ್ಪ ಕೆಲವೇ ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್ ಎಂದರೆ ಪದರ ಎಷ್ಟು ತೆಳು ಎಂದು ಊಹಿಸಿಕೊಳ್ಳಿ. ಆದರೂ ತುಕ್ಕು ತಡೆಯುವುದು ಅದೇ. ಸೌಟು ತಗುಲಿ ಗೀರು ಬಿದ್ದರೆ ಆ ಜಾಗದಲ್ಲಿ ಗಾಳಿ ತಾಗಿ ಹೊಸ ಪದರ ತಾನಾಗಿಯೇ ಬೆಳೆಯುತ್ತದೆ.

ಅಂದರೆ ಸ್ಟೇನ್‌ಲೆಸ್ ಎಂಬ ಹೆಸರು ಬಂದಿರುವುದು ಕ್ರೋಮಿಯಂನಿಂದ. ಮ್ಯಾಗ್ನೆಟ್ ಅಂಟುವುದಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಕೆ ಬೇಗ ಸವೆಯದಂತೆ ಮಾಡಲು ಹುಡುಕಾಡುತ್ತಾ ತಯಾರಿಸಿದ ಹೆಸರಾಂತ ಉಕ್ಕಿನಲ್ಲಿ ಸುಮಾರು ಶೇ 12.8 ಕ್ರೋಮಿಯಂ ಇತ್ತು. ಅದು ಮ್ಯಾಗ್ನೆಟ್ ಅಂಟುವ ಬಗೆಯ ಉಕ್ಕು. ಫಾರ್ವರ್ಡ್ ಸಂದೇಶದ ಲೆಕ್ಕದಲ್ಲಿ ಅದೂ ನಕಲಿಯೇ ಆಗಬೇಕು!

ಅಯಸ್ಕಾಂತ ಗುಣ: ಎಲ್ಲ ಜೋಡಣೆಯ ಆಟ

ಲೋಹದೊಳಗೆ ಪರಮಾಣುಗಳು ಸಾಲುಸಾಲಾಗಿ ಕೂತಿರುತ್ತವೆ. ಸಾಮಾನ್ಯ ಕಬ್ಬಿಣದಲ್ಲಿ, ಒಂದು ಚೌಕ ಪೆಟ್ಟಿಗೆಯ ಎಂಟು ಮೂಲೆಗೆ ಒಂದೊಂದು, ನಟ್ಟನಡುವೆ ಒಂದು ಎಂಬಂತೆ ಜೋಡಣೆ ಇರುತ್ತದೆ. ಈ ಜೋಡಣೆಗೆ ಫೆರಿಟಿಕ್ ಎಂದು ಹೆಸರು. ಇದಕ್ಕೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟುತ್ತದೆ.

ಅದಕ್ಕೆ ಸಾಕಷ್ಟು ನಿಕಲ್ ಸೇರಿಸಿದರೆ ಪರಮಾಣುಗಳು ಬೇರೆ ರೀತಿ ಕೂರುತ್ತವೆ. ಹಣ್ಣಿನಂಗಡಿಯಲ್ಲಿ ಕಿತ್ತಳೆಗಳನ್ನು ಒತ್ತೊತ್ತಾಗಿ ಪೇರಿಸಿಟ್ಟಂತೆ ಬಿಗಿಯಾದ ಜೋಡಣೆ ಅದು. ಹೆಸರು ಆಸ್ಟೆನಿಟಿಕ್. ಈ ಜೋಡಣೆಯಲ್ಲಿ ಮ್ಯಾಗ್ನೆಟ್ ಅಂಟುವುದಿಲ್ಲ.

ಈಗ ನಮ್ಮ ಅಡುಗೆಮನೆಗೆ ಬರುವ ಮುಖ್ಯ ಬಗೆಗಳನ್ನು ನೋಡಿ:

- 304: ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್. ಪಾತ್ರೆಯ ಮೇಲೆ 18/8 ಎಂದು ಬರೆದಿದ್ದರೆ ಇದೇ. ಸಾಮಾನ್ಯವಾಗಿ ಮ್ಯಾಗ್ನೆಟ್ ಅಂಟದು.
- 430: ಶೇ 16ರಿಂದ 18 ಕ್ರೋಮಿಯಂ, ನಿಕಲ್ ಬಹುತೇಕ ಇಲ್ಲ. 18/0 ಎನ್ನುವುದು ಈ ಗುಂಪಿಗೆ. ಮ್ಯಾಗ್ನೆಟ್ ಚೆನ್ನಾಗಿ ಅಂಟುತ್ತದೆ.
- 420: ಶೇ 12ರಿಂದ 14 ಕ್ರೋಮಿಯಂ. ಕಾಯಿಸಿ ತಣಿಸಿ ಗಟ್ಟಿ ಮಾಡುವ ಉಕ್ಕು. ಚಾಕುವಿನ ಅಲಗಿಗೆ ಬಳಸುತ್ತಾರೆ. ಮ್ಯಾಗ್ನೆಟ್ ಅಂಟುತ್ತದೆ.
- 200 ಸರಣಿ: ದುಬಾರಿ ನಿಕಲ್ ಕಡಿಮೆ ಮಾಡಿ ಅಗ್ಗದ ಮ್ಯಾಂಗನೀಸ್ ಹೆಚ್ಚಿಸಿದ್ದು. ಉದಾಹರಣೆಗೆ 201ರಲ್ಲಿ ನಿಕಲ್ ಶೇ 3.5ರಿಂದ 5.5, ಮ್ಯಾಂಗನೀಸ್ ಶೇ 5.5ರಿಂದ 7.5. ಮ್ಯಾಗ್ನೆಟ್ ಅಂಟದು.

ಫಾರ್ವರ್ಡ್ ಸಂದೇಶ ಎಡವುವುದು ಕೊನೆಯ ಸಾಲಿನಲ್ಲಿ. ನಿಕಲ್‌ನಂತೆ ಮ್ಯಾಂಗನೀಸ್ ಕೂಡ ಪರಮಾಣುಗಳನ್ನು ಕಿತ್ತಳೆ ರಾಶಿಯ ಜೋಡಣೆಗೆ ತರುತ್ತದೆ. ಹಾಗಾಗಿ 304ಕ್ಕಿಂತ ಅಗ್ಗವಾದ, ತುಕ್ಕು ತಡೆಯುವುದರಲ್ಲಿ ಅದಕ್ಕಿಂತ ಹಿಂದಿರುವ 200 ಸರಣಿಯ ಪಾತ್ರೆಗಳು ಮ್ಯಾಗ್ನೆಟ್ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತವೆ. ನಮ್ಮ ದೇಶದಲ್ಲಿ ಪಾತ್ರೆಗಳಿಗೆ ಈ ಸರಣಿಯ ಬಳಕೆ ಹೆಚ್ಚು. ಯಾರಾದರೂ "ನೋಡಿ, ಮ್ಯಾಗ್ನೆಟ್ ಅಂಟಲ್ಲ, ಇದು 304" ಎಂದು ಹೇಳಿ 304ರ ದರ ಕೇಳಿದರೆ, ಮ್ಯಾಗ್ನೆಟ್ ಮಾತ್ರ ನಂಬಿದವರಿಗೆ ಮೋಸ ಗೊತ್ತೇ ಆಗುವುದಿಲ್ಲ.

200 ಸರಣಿಯೂ ವಿಷವೇನಲ್ಲ, ಅದೂ ಸ್ಟೇನ್‌ಲೆಸ್ ಸ್ಟೀಲೇ. ತಟ್ಟೆ, ಲೋಟ, ಒಣ ಪದಾರ್ಥದ ಡಬ್ಬಿಗೆ ನಡೆಯುತ್ತದೆ. ಅದನ್ನು ಅದರದೇ ಬೆಲೆಗೆ ಕೊಳ್ಳಬೇಕು, ಅಷ್ಟೇ.

ಯಾಂತ್ರಿಕ ಗುಣ: ತಳಕ್ಕೆ ಅಂಟದ ಮ್ಯಾಗ್ನೆಟ್ ಅಂಚಿಗೆ ಅಂಟುವುದೇಕೆ?

ಕೆಲವು ಪಾತ್ರೆಗಳಲ್ಲಿ ತಳಕ್ಕೆ ಮ್ಯಾಗ್ನೆಟ್ ನಿಲ್ಲುವುದಿಲ್ಲ, ಬಾಗಿದ ಅಂಚಿಗೆ ಮಾತ್ರ ಮೆಲ್ಲಗೆ ಅಂಟುತ್ತದೆ. ಇದನ್ನು ನೋಡಿ ಕಲಬೆರಕೆ ಎಂದುಕೊಳ್ಳುವವರಿದ್ದಾರೆ.

ಪಾತ್ರೆ ಮಾಡುವಾಗ ಚಪ್ಪಟೆ ಹಾಳೆಯನ್ನು ಅಚ್ಚಿನ ಮೇಲಿಟ್ಟು ಭಾರಿ ಯಂತ್ರದಿಂದ ಒತ್ತುತ್ತಾರೆ. ಹಾಳೆ ಎಳೆದುಕೊಂಡು, ಬಾಗಿ ಪಾತ್ರೆಯಾಗುತ್ತದೆ. ಹೀಗೆ ಎಳೆದಾಗ 304ರಲ್ಲಿ ಒಂದಷ್ಟು ಪರಮಾಣುಗಳ ಜೋಡಣೆ ಬದಲಾಗಿ ಮಾರ್ಟೆನ್ಸೈಟ್ ಎಂಬ ಗಟ್ಟಿ ರೂಪ ತಾಳುತ್ತದೆ. ಅದಕ್ಕೆ ಅಯಸ್ಕಾಂತ ಗುಣವಿದೆ. ಹೆಚ್ಚು ಬಾಗಿದ ಕಡೆ ಇಂಥ ರೂಪ ಹೆಚ್ಚು, ಹಾಗಾಗಿ ಅಂಚಿಗೆ ಮ್ಯಾಗ್ನೆಟ್ ಅಂಟುತ್ತದೆ. ಅದೇ ಪಾತ್ರೆಯನ್ನು ಕುಲುಮೆಯಲ್ಲಿ 1,000 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ಬೇಗ ತಣಿಸಿದರೆ ಈ ಗುಣ ಮತ್ತೆ ಹೊರಟುಹೋಗುತ್ತದೆ. ಒಳಗಿನ ಕ್ರೋಮಿಯಂ, ನಿಕಲ್ ಎರಡೂ ಮೊದಲಿನಷ್ಟೇ ಇರುತ್ತವೆ.

ಇನ್ನು ಗಟ್ಟಿತನದ ಮಾತು. ಉಕ್ಕಿನ ಹಾಳೆಗಳ ಅಂತರರಾಷ್ಟ್ರೀಯ ಮಾನದಂಡವೊಂದರಲ್ಲಿ, ಶಾಶ್ವತವಾಗಿ ಬಾಗದೆ ತಾಳಿಕೊಳ್ಳಬೇಕಾದ ಕನಿಷ್ಠ ಒತ್ತಡ 304ಕ್ಕೂ 430ಕ್ಕೂ ಒಂದೇ: 205 ಮೆಗಾಪ್ಯಾಸ್ಕಲ್. ವ್ಯತ್ಯಾಸ ಇರುವುದು ಎಳೆಸಿಕೊಳ್ಳುವ ಗುಣದಲ್ಲಿ. ಮುರಿಯುವ ಮುನ್ನ 304 ತನ್ನ ಉದ್ದದ ಕನಿಷ್ಠ ಶೇ 40ರಷ್ಟು ಹಿಗ್ಗಬೇಕು, 430 ಶೇ 22ರಷ್ಟು ಹಿಗ್ಗಿದರೆ ಸಾಕು. ಆಳವಾದ ಪಾತ್ರೆ, ಸಿಂಕ್ ಮಾಡಲು 304 ಅನುಕೂಲ ಎನ್ನುವುದು ಇದಕ್ಕೇ. ನಿಮ್ಮ ಪಾತ್ರೆ ಬಿದ್ದ ಕೂಡಲೇ ನೆಗ್ಗುತ್ತದೆ ಎಂದರೆ ಬಹುತೇಕ ಕಾರಣ ಹಾಳೆ ತೆಳುವಾಗಿರುವುದು.

ಶಾಖದ ಗುಣ: ಮ್ಯಾಗ್ನೆಟ್ ಅಂಟಲೇಬೇಕಾದ ಜಾಗ

ಸ್ಟೀಲ್ ಪಾತ್ರೆಯಲ್ಲಿ ಹಾಲು ತಳ ಹಿಡಿಯುವುದು ಎಲ್ಲರಿಗೂ ಗೊತ್ತು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಶಾಖ ನಿಧಾನವಾಗಿ ಹರಿಯುತ್ತದೆ. ಶಾಖ ಸಾಗಿಸುವ ಶಕ್ತಿಯನ್ನು ಅಳೆದರೆ ತಾಮ್ರಕ್ಕೆ ಸುಮಾರು 400, ಅಲ್ಯೂಮಿನಿಯಂಗೆ ಸುಮಾರು 235, 430 ಉಕ್ಕಿಗೆ ಸುಮಾರು 25, 304ಕ್ಕೆ ಸುಮಾರು 16 ಅಂಕ ಬರುತ್ತದೆ. ಅಂದರೆ ತಾಮ್ರ 304ಕ್ಕಿಂತ ಸುಮಾರು 25 ಪಟ್ಟು ಮುಂದೆ. 304ರ ಪಾತ್ರೆಯಲ್ಲಿ ಉರಿ ತಾಗಿದ ಜಾಗ ವಿಪರೀತ ಕಾಯುತ್ತದೆ, ಪಕ್ಕದ ಜಾಗಕ್ಕೆ ಶಾಖ ಬೇಗ ಹರಡುವುದಿಲ್ಲ. ಹಾಲು ಸೀಯುವುದು ಅದೇ ಜಾಗದಲ್ಲಿ.

ಟ್ರೈ-ಪ್ಲೈ ಪಾತ್ರೆ ಬಂದಿದ್ದು ಇದಕ್ಕೇ. ನಡುವೆ ಅಲ್ಯೂಮಿನಿಯಂ ಶಾಖ ಹರಡುತ್ತದೆ. ಒಳಗಡೆ ಆಹಾರಕ್ಕೆ ತಾಗುವ ಪದರ ಸಾಮಾನ್ಯವಾಗಿ 304. ಹೊರಗಿನ ಪದರ 430ರಂಥ ಮ್ಯಾಗ್ನೆಟ್ ಅಂಟುವ ಉಕ್ಕು, ಅದನ್ನು ಬೇಕೆಂದೇ ಹಾಕಿರುತ್ತಾರೆ. ಇಂಡಕ್ಷನ್ ಒಲೆ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಬದಲಾಗುವ ಕಾಂತಕ್ಷೇತ್ರದಿಂದ ಪಾತ್ರೆಯ ತಳದಲ್ಲೇ ವಿದ್ಯುತ್ ಹರಿಸಿ ಅದನ್ನು ಕಾಯಿಸುತ್ತದೆ. ಮ್ಯಾಗ್ನೆಟ್ ಅಂಟುವ ಲೋಹದಲ್ಲಿ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ಬರೀ ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳು ಸಾಮಾನ್ಯ ಇಂಡಕ್ಷನ್ ಒಲೆಯಲ್ಲಿ ಕಾಯುವುದಿಲ್ಲ.

ಹಾಗಾಗಿ ದುಬಾರಿ ಪಾತ್ರೆಯ ತಳಕ್ಕೆ ಮ್ಯಾಗ್ನೆಟ್ ಅಂಟಿದರೆ ಅದು ಇಂಡಕ್ಷನ್‌ಗೆ ಸರಿಯಾದ ಪಾತ್ರೆ ಎಂದರ್ಥ. ಸಂದೇಶ ನಂಬಿ ಎಸೆದವರು ಒಳ್ಳೆಯ ಪಾತ್ರೆಯನ್ನೇ ಎಸೆದಂತೆ.

ಶಾಖಕ್ಕೆ ಲೋಹಗಳು ಹಿಗ್ಗುವ ಪ್ರಮಾಣವೂ ಬೇರೆ ಬೇರೆ. ಒಂದು ಮೀಟರ್ ಉದ್ದದ ಪಟ್ಟಿಯನ್ನು 100 ಡಿಗ್ರಿ ಹೆಚ್ಚು ಕಾಯಿಸಿದರೆ ಅಲ್ಯೂಮಿನಿಯಂ ಸುಮಾರು 2.3 ಮಿಲಿಮೀಟರ್, 304 ಸುಮಾರು 1.7 ಮಿಲಿಮೀಟರ್, 430 ಸುಮಾರು 1 ಮಿಲಿಮೀಟರ್ ಹಿಗ್ಗುತ್ತದೆ. ಕಾದ ಖಾಲಿ ಪಾತ್ರೆಗೆ ತಣ್ಣೀರು ಸುರಿದರೆ ಒಂದೊಂದು ಪದರ ಒಂದೊಂದು ಪ್ರಮಾಣದಲ್ಲಿ ಕುಗ್ಗಿ ತಳ ಉಬ್ಬಬಹುದು. ಪಾತ್ರೆ ತಣಿದ ಮೇಲೆ ತೊಳೆಯಿರಿ.

ಬೆಳಕಿನ ಗುಣ: ಹೊಳಪು ಮತ್ತು ಕಾಮನಬಿಲ್ಲಿನ ಬಣ್ಣ

"ಕನ್ನಡಿಯಂತೆ ಹೊಳೆದರೆ ಒಳ್ಳೆಯ ಸ್ಟೀಲ್" ಎಂಬ ಮಾತೂ ಇದೆ. ಹೊಳಪು ಮೇಲ್ಮೈಯನ್ನು ಎಷ್ಟು ನುಣುಪು ಮಾಡಿದ್ದಾರೆ ಎಂಬುದರ ಮೇಲೆ ನಿಂತಿದೆ. ನುಣುಪಾದ ಮೇಲ್ಮೈಯಿಂದ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ, ತರಿತರಿ ಮೇಲ್ಮೈಯಲ್ಲಿ ಎಲ್ಲ ಕಡೆ ಚದುರುತ್ತದೆ. ಪಾಲಿಶ್ ಮಾಡಿದರೆ 201 ಕೂಡ 304ರಂತೆ ಹೊಳೆಯುತ್ತದೆ. ಕಣ್ಣಿನಿಂದ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ.

ಪಾತ್ರೆ ಅತಿಯಾಗಿ ಕಾದಾಗ ಹಳದಿ, ನೇರಳೆ, ನೀಲಿ ಬಣ್ಣ ಮೂಡುತ್ತದಲ್ಲ, ಅದನ್ನು "ರಾಸಾಯನಿಕ ಹೊರಬರುತ್ತಿದೆ" ಎಂದು ಹಂಚುವವರಿದ್ದಾರೆ. ನಡೆಯುವುದು ಇಷ್ಟೇ: ಶಾಖಕ್ಕೆ ಮೇಲಿನ ಆಕ್ಸೈಡ್ ಪದರ ದಪ್ಪಗಾಗುತ್ತದೆ. ಪದರದ ಮೇಲಿಂದ ಮರಳಿದ ಬೆಳಕೂ ಕೆಳಗಿಂದ ಮರಳಿದ ಬೆಳಕೂ ಒಂದಕ್ಕೊಂದು ಬೆರೆತಾಗ ಕೆಲವು ಬಣ್ಣ ಅಳಿದು ಕೆಲವು ಎದ್ದು ಕಾಣುತ್ತವೆ. ಮಳೆ ಬಂದ ರಸ್ತೆಯಲ್ಲಿ ಚೆಲ್ಲಿದ ಎಣ್ಣೆಯ ಮೇಲೆ ಕಾಣುವ ಬಣ್ಣಗಳೂ ಹೀಗೇ ಹುಟ್ಟುತ್ತವೆ. ವಿನೆಗರ್ ಅಥವಾ ನಿಂಬೆರಸ ಹಾಕಿ ಉಜ್ಜಿದರೆ ಸಾಮಾನ್ಯವಾಗಿ ಬಣ್ಣ ಹೋಗುತ್ತದೆ.

ಆರೋಗ್ಯಕ್ಕೆ ತೊಂದರೆ ಇದೆಯೇ?

ಮ್ಯಾಗ್ನೆಟ್ ಅಂಟುವುದರಿಂದ ಆಹಾರಕ್ಕೆ ಏನೂ ಆಗುವುದಿಲ್ಲ. ಕ್ರೋಮಿಯಂ ಎಂದರೆ ವಿಷ ಎನ್ನುವವರು ಹೆಕ್ಸಾವೇಲೆಂಟ್ ಎಂಬ ರೂಪದ ಬಗ್ಗೆ ಕೇಳಿರುತ್ತಾರೆ. ಪಾತ್ರೆಯ ರಕ್ಷಣಾ ಪದರದಲ್ಲಿ ಇರುವುದು ಟ್ರೈವೇಲೆಂಟ್ ರೂಪ, ಅದು ಬೇರೆ.

ನಿಜವಾಗಿ ಗಮನ ಕೊಡಬೇಕಾದವರು ನಿಕಲ್ ಅಲರ್ಜಿ ಇರುವವರು. ಕೃತಕ ಆಭರಣ ಹಾಕಿದರೆ ಚರ್ಮ ಕೆಂಪಾಗಿ ತುರಿಸುವ ಹಲವರಿಗೆ ಈ ಅಲರ್ಜಿ ಇರುತ್ತದೆ. ಹುಳಿ ಅಡುಗೆಯನ್ನು ಬಹಳ ಹೊತ್ತು ಕುದಿಸಿದಾಗ, ಅದರಲ್ಲೂ ಹೊಸ ಪಾತ್ರೆಯಲ್ಲಿ, ಸ್ವಲ್ಪ ನಿಕಲ್ ಆಹಾರಕ್ಕೆ ಇಳಿಯಬಹುದು. ಬಹುತೇಕ ಜನರಿಗೆ ಇದರಿಂದ ತೊಂದರೆಯಿಲ್ಲ. ಅಲರ್ಜಿ ತೀವ್ರವಾಗಿರುವವರು ವೈದ್ಯರನ್ನು ಕೇಳಿ ನಿಕಲ್ ಇಲ್ಲದ ಪಾತ್ರೆ ಆರಿಸಿಕೊಳ್ಳಬಹುದು. ಆಗ ಅವರಿಗೆ ಸಿಗುವುದು 430ರಂಥ, ಮ್ಯಾಗ್ನೆಟ್ ಅಂಟುವ ಉಕ್ಕು. ಸಂದೇಶ ಎಸೆಯಿರಿ ಎನ್ನುವ ಪಾತ್ರೆಯೇ ಅವರಿಗೆ ಬೇಕಾದದ್ದು.

ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡ ಶತ್ರು ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡ್ ರಕ್ಷಣಾ ಪದರವನ್ನು ಅಲ್ಲಲ್ಲಿ ಒಡೆದು ಸಣ್ಣ ಗುಳಿ ಮಾಡುತ್ತದೆ. ಉಪ್ಪಿನಕಾಯಿಯನ್ನು ಭರಣಿಯಲ್ಲಿಡುವ ಅಜ್ಜಿಯ ಪದ್ಧತಿ ಸರಿಯೇ. ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ ಕದಡಿದರೆ ತಳದಲ್ಲಿ ಕಲೆ ಬೀಳುವುದು ಕಡಿಮೆ. ಸಮುದ್ರದ ಹತ್ತಿರದ ಮನೆಗಳಲ್ಲಿ 304ರ ಗೇಟು, ಕಂಬಿಗಳ ಮೇಲೂ ಉಪ್ಪುಗಾಳಿಗೆ ಕಂದು ಕಲೆ ಮೂಡುತ್ತದೆ. ಅಂಥ ಕಡೆ ಶೇ 2ರಿಂದ 3 ಮಾಲಿಬ್ಡಿನಂ ಇರುವ 316 ಹೆಚ್ಚು ಬಾಳಿಕೆ ಬರುತ್ತದೆ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು?

1. ಐಎಸ್‌ಐ ಗುರುತು. ಕೇಂದ್ರ ಸರ್ಕಾರ 2024ರ ಮಾರ್ಚ್ 14ರಂದು ಹೊರಡಿಸಿದ ಆದೇಶ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಗಳಿಗೆ ಈ ಗುರುತನ್ನು ಕಡ್ಡಾಯ ಮಾಡಿದೆ. ಇವುಗಳ ಮಾನದಂಡದ ಸಂಖ್ಯೆ ಐಎಸ್ 14756.
2. ಲೈಸೆನ್ಸ್ ಸಂಖ್ಯೆ. ಗುರುತಿನ ಜೊತೆಗೆ ಸಿಎಂ/ಎಲ್ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಲೈಸೆನ್ಸ್ ಯಾರದು, ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ.
3. ಬಿಲ್ಲಿನಲ್ಲಿ ಗ್ರೇಡ್. 304 ಎಂದು ಹೇಳಿ ಮಾರಿದರೆ ಬಿಲ್ಲಿನಲ್ಲೂ ಹಾಗೆಯೇ ಬರೆಸಿಕೊಳ್ಳಿ.
4. ತೂಕ. ಒಂದೇ ಅಳತೆಯ ಎರಡು ಪಾತ್ರೆಗಳಲ್ಲಿ ಭಾರವಾದದ್ದರ ಹಾಳೆ ಸಾಮಾನ್ಯವಾಗಿ ದಪ್ಪ.
5. ದೊಡ್ಡ ಖರೀದಿಗೆ ಯಂತ್ರ ಪರೀಕ್ಷೆ. ಛತ್ರಕ್ಕೆ, ಹೋಟೆಲಿಗೆ ಕೊಳ್ಳುವವರು ಎಕ್ಸ್‌ಆರ್‌ಎಫ್ ಪರೀಕ್ಷೆ ಮಾಡಿಸಬಹುದು. ಕೈಯಲ್ಲಿ ಹಿಡಿಯುವ ಈ ಯಂತ್ರ ಎಕ್ಸ್-ಕಿರಣ ಹಾಯಿಸಿ ಕ್ರೋಮಿಯಂ, ನಿಕಲ್, ಮ್ಯಾಂಗನೀಸ್ ಎಷ್ಟೆಷ್ಟಿದೆ ಎಂದು ಸೆಕೆಂಡುಗಳಲ್ಲಿ ತೋರಿಸುತ್ತದೆ.

ನಮ್ಮ ತೀರ್ಮಾನ

"ಮ್ಯಾಗ್ನೆಟ್ ಅಂಟಿದರೆ ನಕಲಿ, ಅಂಟದಿದ್ದರೆ ಅಸಲಿ" ಎಂಬ ಹೇಳಿಕೆ ತಪ್ಪು. ಆ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಉತ್ತರವಾಗಿ ಇಷ್ಟನ್ನು ಕಳಿಸಿ: ಮ್ಯಾಗ್ನೆಟ್ ಅಂಟುವ 430 ಕೂಡ ಸ್ಟೇನ್‌ಲೆಸ್ ಸ್ಟೀಲ್. ಮ್ಯಾಗ್ನೆಟ್ ಅಂಟದಿದ್ದ ಮಾತ್ರಕ್ಕೆ ಅದು 304 ಆಗುವುದಿಲ್ಲ, ಅಗ್ಗದ 200 ಸರಣಿಗೂ ಅಂಟುವುದಿಲ್ಲ. ಇಂಡಕ್ಷನ್ ಪಾತ್ರೆಯ ತಳಕ್ಕೆ ಅಂಟಲೇಬೇಕು. ಪಾತ್ರೆ ಎಸೆಯಬೇಡಿ, ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, ಬಿಲ್ ಕೇಳಿ.